ಜಾಕ್ಸನ್ ಹೈಟ್ಸಲ್ಲಿ 15 ತಿಂಗಳು ಟರ್ಜೆಪಟೈಡ್ ತಗೊಂಡ ಮೇಲೆ ಬರೀತಿರೋ ರಿವ್ಯೂ

ಅಕ್ಟೋಬರ್ 2024ರಲ್ಲಿ ಶುರು ಮಾಡಿದ್ದು, ಜನವರಿ 2026ಕ್ಕೆ 15 ತಿಂಗಳಾಯ್ತು. 91 ಕೆಜಿ ಇದ್ದೋಳು ಈಗ 74, ಎತ್ತರ ಐದಡಿ ಎರಡಿಂಚು, ವಯಸ್ಸು 44. ಮೂರು ತಿಂಗಳ ಶುಗರ್ 6.3 ಇದ್ದಿದ್ದು 5.5ಕ್ಕೆ ಇಳಿದಿದೆ. ಔಷಧಿ ಹೆಸ್ರು ಟರ್ಜೆಪಟೈಡ್, ವಾರಕ್ಕೊಂದು ಇಂಜೆಕ್ಷನ್, ಅಮೆರಿಕಾದಲ್ಲಿ ತೂಕಕ್ಕೆ ಅಂತ ಕೊಟ್ರೆ ಜೆಪ್‌ಬೌಂಡ್, ಶುಗರ್‌ಗೆ ಅಂತ ಕೊಟ್ರೆ ಮೌಂಜಾರೊ, ಒಳಗಿರೋದು ಒಂದೇ. ಡೋಸ್ ಚಾರ್ಟು, ಹೆಂಗೆ ಕೆಲ್ಸ ಮಾಡುತ್ತೆ ಅನ್ನೋದು ಎಲ್ಲಾ ನೀವು ಈಗಾಗ್ಲೇ ನೋಡಿರ್ತೀರಾ. ನಾನು ಬರೆಯೋಕೆ ಕೂತಿದ್ದು ತಲೆ ಒಳಗಿನ ಒಂದು ಗಲಾಟೆ ನಿಂತಿದ್ದಕ್ಕೆ, ಮತ್ತೆ ಪಕ್ಕದ್ಮನೆ ಅಕ್ಕ ತಂದು ತೋರ್ಸಿದ ಒಂದು ಪೊಟ್ಟಣಕ್ಕೆ.

ನಾವಿರೋದು ನ್ಯೂಯಾರ್ಕಿನ ಕ್ವೀನ್ಸಲ್ಲಿ, ಜಂಕ್ಷನ್ ಬುಲವಾರ್ಡ್ ಹತ್ರ, ಜಾಕ್ಸನ್ ಹೈಟ್ಸ್ ಮುಗ್ದು ಕೊರೋನಾ ಶುರುವಾಗೋ ಕಡೆ (ಏರಿಯಾ ಹೆಸ್ರೇ ಅದು, ಕಾಯಿಲೆಗಿಂತ ಎಷ್ಟೋ ಹಳೇದು). 74ನೇ ಬೀದಿಗೆ ಹೋದ್ರೆ ನಮ್ಮೋರ ಅಂಗಡಿ, ಕರಿಬೇವು, ರಾಗಿಹಿಟ್ಟು ಎಲ್ಲಾ ಸಿಗುತ್ತೆ, ಆದ್ರೆ ನಮ್ ಬಿಲ್ಡಿಂಗಲ್ಲಿ ಮೆಕ್ಸಿಕೋ, ಈಕ್ವೆಡಾರ್, ಕೊಲಂಬಿಯಾ, ಡೊಮಿನಿಕನ್ ಜನಾನೇ ಜಾಸ್ತಿ. 11 ವರ್ಷದಲ್ಲಿ ನಂಗೆ ಸ್ಪ್ಯಾನಿಷ್ ಬಂದಿದ್ದು ಮೆಟ್ಟಿಲ ಮೇಲೆ ಮತ್ತೆ ಬಟ್ಟೆ ಒಗೆಯೋ ಅಂಗಡೀಲಿ. ಇಲ್ಲಿ ದಪ್ಪ ಇರೋ ಹೆಣ್ಮಕ್ಕಳನ್ನ ಪ್ರೀತಿಯಿಂದ ಗೋರ್ದಿತಾ ಅಂತಾರೆ, ನಮ್ ಕಡೆ ಗುಂಡಮ್ಮ ಅಂದಂಗೆ. ಬೇಜಾರಾಗ್ತಿರ್ಲಿಲ್ಲ ನಂಗೆ. ತುಮಕೂರಿಗೆ ಹೋದಾಗ ಮದುವೆ ಮನೇಲಿ ದೊಡ್ಡಮ್ಮ ಎಲ್ಲರ ಮುಂದೆ "ಏನೇ ಇಷ್ಟು ಊದ್ಕೊಂಡಿದೀಯ" ಅಂದಿದ್ದಕ್ಕಿಂತ ಗೋರ್ದಿತಾ ಎಷ್ಟೋ ವಾಸಿ.

ಆದ್ರೆ ಇಲ್ಲಿ ತೂಕ ಅನ್ನೋದು ಬರೀ ಮಾತಲ್ಲ. ನಮ್ ಡಾಕ್ಟ್ರಮ್ಮ ಡೊಮಿನಿಕನ್, ಅವರ ವೇಟಿಂಗ್ ರೂಮಲ್ಲಿ ಕೂತೋರಲ್ಲಿ ಶುಗರ್ ಇಲ್ಲದೋರ್ನ ಹುಡುಕ್ಬೇಕು. 2017ರಿಂದ 2020ರ ಮಾರ್ಚ್‌ವರೆಗಿನ ಸಿಡಿಸಿ (ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ) ಲೆಕ್ಕದಲ್ಲಿ ಅಮೆರಿಕಾದ ಹಿಸ್ಪಾನಿಕ್, ಅಂದ್ರೆ ಸ್ಪ್ಯಾನಿಷ್ ಮಾತಾಡೋ ದೇಶಗಳ ಮೂಲದ ವಯಸ್ಕರಲ್ಲಿ 45.6% ಜನಕ್ಕೆ ಬೊಜ್ಜು, ಇಡೀ ದೇಶದ್ದು 41.9%. ಎರಡೆರಡು ಕೆಲ್ಸ, ರಾತ್ರಿ ಶಿಫ್ಟು, ಮನೆಗೆ ಬರೋ ದಾರೀಲಿ ತಣ್ಣಗಿನ ಸೋಡಾ, ಇದನ್ನೆಲ್ಲ ನಾನು ದಿನಾ ನೋಡ್ತೀನಿ, ನಂದೂ ಅದೇ ಕಥೆ ಆಗಿತ್ತು. ಮೆಕ್ಸಿಕೋದಿಂದ ಬರೋ ಚಿಪ್ಸ್ ಪೊಟ್ಟಣದ ಮೇಲೆ ಕ್ಯಾಲರಿ ಜಾಸ್ತಿ, ಸಕ್ಕರೆ ಜಾಸ್ತಿ ಅಂತ ಕಪ್ಪು ಎಂಟುಮೂಲೆ ಮುದ್ರೆ ಇರುತ್ತಲ್ಲ, 2020ರಿಂದ ಆ ದೇಶ ಕಡ್ಡಾಯ ಮಾಡಿರೋದು, ಅದನ್ನ ಓದ್ಕೊಂಡೇ ತಿಂತಿದ್ದೆ.

ಈಗ ಆ ಗಲಾಟೆ ವಿಷ್ಯ. ಬೆಳಿಗ್ಗೆ ಉಪ್ಪಿಟ್ಟು ತಿಂತಾ ಇರೋವಾಗ್ಲೇ ಮಧ್ಯಾಹ್ನಕ್ಕೆ ಏನು ಅಂತ ಯೋಚ್ನೆ, ಮಧ್ಯಾಹ್ನ ಊಟ ಆದ ಕೂಡ್ಲೆ ನಾಲ್ಕು ಗಂಟೆಗೆ ಕೊಲಂಬಿಯಾ ಬೇಕರಿಯ ಬಿಸಿ ಪಾಂದೆಬೊನೊ ಅನ್ನೋ ಚೀಸ್ ಬನ್ನು, ಸಂಜೆ ಟ್ರೈನ್ ಇಳಿದ್ರೆ ರೂಸ್‌ವೆಲ್ಟ್ ಅವೆನ್ಯೂ ಕೆಳಗೆ ಎಣ್ಣೆ ವಾಸ್ನೆ, ಸುಟ್ಟ ಜೋಳದ ವಾಸ್ನೆ, ಕಾಲು ತಾನಾಗೇ ಆ ಕಡೆ ತಿರುಗ್ತಿತ್ತು. ಎಲ್ಲರಿಗೂ ಹಿಂಗೇ ಇರುತ್ತೆ, ಬೇರೆಯೋರು ತಡ್ಕೋತಾರೆ, ನಂಗೆ ಮನಸ್ಸು ಗಟ್ಟಿ ಇಲ್ಲ ಅಂತ 30 ವರ್ಷ ನಂಬ್ಕೊಂಡಿದ್ದೆ. ಎರಡನೇ ವಾರ, ಒಂದು ಬುಧವಾರ, ಆಫೀಸಲ್ಲಿ ಕೂತು ಕೆಲ್ಸ ಮಾಡ್ತಾ ಟೈಮ್ ನೋಡಿದ್ರೆ ಎರಡೂವರೆ, ಊಟ ಮಾಡೋದು ಮರೆತೇ ಹೋಗಿತ್ತು. ಜೀವಮಾನದಲ್ಲಿ ಮೊದಲ ಸಲ. ಫ್ರಿಜ್ಜಿನ ಗುಂಯ್ ಶಬ್ದ ನಿಂತಾಗ ಗೊತ್ತಾಗುತ್ತಲ್ಲ, ಓ ಇಷ್ಟೊತ್ತು ಇದು ಶಬ್ದ ಮಾಡ್ತಿತ್ತು ಅಂತ, ಹಂಗಾಯ್ತು. ಬಾತ್‌ರೂಮಿಗೆ ಹೋಗಿ ಅತ್ತೆ. ಬೇರೆಯೋರು ಹಿಂಗೆ ಬದುಕ್ತಿದ್ರಾ ಇಷ್ಟು ವರ್ಷ, ಅಂತ.

ಭಾನುವಾರ ರಾತ್ರಿ ನನ್ ಇಂಜೆಕ್ಷನ್. ಎಂಟು ಗಂಟೆಗೆ ಬಸ್ಸಾರು ಮುದ್ದೆ (ಮುಂಚೆ ಎರಡು ಮುದ್ದೆ, ಈಗ ಅರ್ಧ, ಆದ್ರೆ ಸಾರು ಎರಡು ಸಲ ಹಾಕಿಸ್ಕೋತೀನಿ), ಒಂಬತ್ತಕ್ಕೆ ಫ್ರಿಜ್ಜಿಂದ ಪೆನ್ ತೆಗೆದು ದೇವರ ಗೂಡಿನ ಪಕ್ಕ ಇಡ್ತಿದ್ದೆ, ಅರ್ಧ ಗಂಟೆ ಚಳಿ ಬಿಟ್ರೆ ಉರಿ ಕಮ್ಮಿ. ಒಂದು ವಾರ ಎಡ ತೊಡೆ, ಒಂದು ವಾರ ಬಲ ತೊಡೆ. ಬೂದು ಮುಚ್ಚಳ ತೆಗ್ದು, ಚರ್ಮಕ್ಕೆ ಒತ್ತಿ, ಲಾಕ್ ತಿರುಗ್ಸಿ, ಬಟನ್ ಒತ್ತಿದ್ರೆ ಒಂದು ಕ್ಲಿಕ್, ಹತ್ತು ಸೆಕೆಂಡೊಳಗೆ ಇನ್ನೊಂದು ಕ್ಲಿಕ್, ಮುಗೀತು. ಮಗಳು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಒಂದರಿಂದ ಹತ್ತು ಎಣಿಸ್ತಿದ್ಲು, ಅವಳಿಗೆ ಕನ್ನಡ ಅಂಕಿ ಗಟ್ಟಿ ಆಗಿದ್ದೇ ಹಿಂಗೆ. ಸೂಜಿಯೆಲ್ಲ ಹಳೇ ಡಿಟರ್ಜೆಂಟ್ ಬಾಟ್ಲಿಗೆ, ದಪ್ಪ ಪ್ಲಾಸ್ಟಿಕ್ ಇರೋದ್ರಿಂದ ಚುಚ್ಚಿ ಹೊರಗೆ ಬರಲ್ಲ.

ತೊಂದ್ರೆ ಇತ್ತಾ ಅಂದ್ರೆ ಇತ್ತು. ಪ್ರತಿ ಸಲ ಡೋಸ್ ಏರಿಸ್ದಾಗ ಮೂರನೇ ದಿನ ಹೊಟ್ಟೆ ತೊಳಸೋದು, ಕೆಟ್ಟ ಮೊಟ್ಟೆ ವಾಸ್ನೆ ತೇಗು, ಮಲಬದ್ಧತೆಗೆ ಇಸಬ್‌ಗೋಲ್, ಐದನೇ ತಿಂಗ್ಳು ಬಾಚಣಿಗೆ ತುಂಬಾ ಕೂದ್ಲು. ಹೊಟ್ಟೆ ಖಾಲಿ ಆಗೋದನ್ನೇ ಈ ಔಷಧಿ ನಿಧಾನ ಮಾಡೋದ್ರಿಂದ ಎಣ್ಣೇಲಿ ಕರಿದಿದ್ದು ತಿಂದ್ರೆ ಅದು ಕಲ್ಲಿನ ಥರ ಕೂತಿರುತ್ತೆ. ಗರ್ಭನಿರೋಧಕ ಮಾತ್ರೆ ತಗೊಳೋರು ಇದನ್ನ ಡಾಕ್ಟ್ರ ಹತ್ರ ಕೇಳ್ಲೇಬೇಕು, ಶುರು ಮಾಡ್ದಾಗ ಮತ್ತೆ ಡೋಸ್ ಏರಿಸ್ದಾಗ ನಾಲ್ಕು ವಾರ ಆ ಮಾತ್ರೆ ನಂಬ್ಕೊಳೋ ಹಂಗಿಲ್ಲ, ನಂಗೆ ಇದನ್ನ ಹೇಳಿದ್ದು ಫಾರ್ಮಸಿ ಹುಡ್ಗಿ. ಸ್ನಾಯು ಕರಗ್ಬಾರ್ದು ಅಂತ ಹೆಸರುಕಾಳು ಉಸ್ಲಿ, ಕಪ್ಪು ಬೀನ್ಸ್, ಮೊಟ್ಟೆ, ಜೊತೆಗೆ 34ನೇ ಅವೆನ್ಯೂ. ಆ ರಸ್ತೇನ 2020ರಲ್ಲಿ ಕಾರಿಗೆ ಮುಚ್ಚಿ ಜನಕ್ಕೆ ಬಿಟ್ರು, 26 ಬ್ಲಾಕು ಉದ್ದ, ಅಲ್ಲಿ ಹೆಂಗಸ್ರು ಜುಂಬಾ ಮಾಡ್ತಾರೆ, ಕುಂಬಿಯಾ ಹಾಡು ಹಾಕ್ಕೊಂಡು. ಮೊದಲ ದಿನ ಹಿಂದೆ ನಿಂತಿದ್ದೆ, ಈಗ ಎರಡನೇ ಸಾಲು. ಇದು ಔಷಧಿ ಕೊಟ್ಟಿದ್ದಲ್ಲ, ಆದ್ರೆ ಮಂಡಿ ನೋವು ಹೋಗ್ದೆ ಇದ್ದಿದ್ರೆ ನಾನು ಆ ಕಡೆ ತಲೆನೂ ಹಾಕ್ತಿರ್ಲಿಲ್ಲ.

ಇಲ್ಲೀವರೆಗೆ ಕೇಳಿದ್ರೆ ಐದಕ್ಕೆ ಐದು ಸ್ಟಾರ್ ಕೊಡ್ತಿದ್ದೆ. 2025ರ ಜೂನ್‌ವರೆಗೂ ಕೊಟ್ಟಿದ್ದೆ ಕೂಡ. ಆಫೀಸಿನ ಇನ್ಶೂರೆನ್ಸಿತ್ತು, ಜೊತೆಗೆ ಔಷಧಿ ಕಂಪ್ನಿಯ ರಿಯಾಯ್ತಿ ಕಾರ್ಡು, ತಿಂಗಳಿಗೆ 25 ಡಾಲರ್ ಕೊಡ್ತಿದ್ದೆ ಅಷ್ಟೇ. ಆಮೇಲೆ ಇನ್ಶೂರೆನ್ಸಿಂದ ಒಂದು ಕಾಗ್ದ ಬಂತು, ಜುಲೈ 2025ರಿಂದ ಈ ಔಷಧಿ ನಮ್ ಪಟ್ಟೀಲಿಲ್ಲ, ಬೇರೆ ತಗೊಳ್ಳಿ. ನಂಗೆ ಒಗ್ಗಿರೋ ಔಷಧಿ, ಎಂಟೊಂಬತ್ತು ತಿಂಗಳು ಹೊಟ್ಟೆ ತೊಳಸಿ ತೊಳಸಿ 10 ಮಿ.ಗ್ರಾಂಗೆ ಬಂದು ನಿಂತಿದ್ದೆ, ಈಗ ಇನ್ನೊಂದರಲ್ಲಿ ಅ ಆ ಇ ಈ ಇಂದ ಶುರು ಮಾಡು ಅಂತ ಹೇಳೋಕೆ ಇವರ್ಯಾರು. ಡಾಕ್ಟ್ರಮ್ಮ ಎರಡು ಸಲ ಅಪೀಲ್ ಹಾಕಿದ್ರು, ಎರಡೂ ಸಲ ಇಲ್ಲ ಅಂತ ಬಂತು. ಕೊನೆಗೆ ಕೈಯಿಂದ ದುಡ್ಡು ಕೊಟ್ಟು ಔಷಧಿ ಕಂಪ್ನಿಯಿಂದ ನೇರವಾಗಿ ವೈಲ್ (ಚಿಕ್ಕ ಔಷಧಿ ಬಾಟ್ಲಿ) ತರಿಸ್ಕೊಳೋದು ಅಂತಾಯ್ತು, ತಿಂಗಳಿಗೆ 499 ಡಾಲರ್, ಅದೂ 45 ದಿನದೊಳಗೆ ಮತ್ತೆ ಆರ್ಡರ್ ಮಾಡಿದ್ರೆ ಮಾತ್ರ ಆ ರೇಟು. ಡಿಸೆಂಬರ್ 2025ರಲ್ಲಿ 449ಕ್ಕೆ ಇಳಿಸಿದ್ರು. ಪೆನ್ ಹೋಗಿ ಈಗ ಸಿರಿಂಜಲ್ಲಿ ಎಳ್ಕೋಬೇಕು, ಅರ್ಧ ಎಂಎಲ್, ಗುಳ್ಳೆ ಬರದಂಗೆ ಬೆರಳಲ್ಲಿ ತಟ್ಟಿ, ಅದು ಎರಡು ವಾರಕ್ಕೆ ರೂಢಿ ಆಯ್ತು. ರೂಢಿ ಆಗದೇ ಇರೋದು ದುಡ್ಡು. ಅಮ್ಮನಿಗೆ ಕಳಿಸ್ತಿದ್ದಿದ್ರಲ್ಲಿ ಕಡಿಮೆ ಮಾಡಿದೀನಿ, ಅಮ್ಮಂಗೆ ಯಾಕೆ ಅಂತ ಹೇಳಿಲ್ಲ.

ನಂದೇ ಇಷ್ಟು ಸಂಕಟ ಆದ್ರೆ, ಇನ್ಶೂರೆನ್ಸೇ ಇಲ್ಲದೋರ ಕಥೆ?

ಪಕ್ಕದ್ಮನೆ ಅಕ್ಕ ಮೆಕ್ಸಿಕೋದ ಪುಯೆಬ್ಲಾ ಕಡೆಯೋಳು. ಬೆಳಗಿನ ಜಾವ ಮೂರಕ್ಕೆ ಎದ್ದು ತಮಾಲೆ ಬೇಯಿಸ್ತಾಳೆ, ಜೋಳದ ಸಿಪ್ಪೇಲಿ ಸುತ್ತಿ ಹಬೇಲಿ ಬೇಯಿಸೋದು, ನಮ್ ಕೊಟ್ಟೆ ಕಡುಬಿನ ಅಕ್ಕ ತಂಗಿ ಅನ್ಬೋದು. ಒಂದಕ್ಕೆ ಎರಡು ಡಾಲರ್, ಐದೂವರೆಗೆ ಸ್ಟೇಷನ್ ಮೆಟ್ಟಿಲ ಕೆಳಗೆ. ನನ್ನನ್ನ ಮಿಹಾ ಅಂತಾಳೆ, ಮಗಳೇ ಅಂತ. ನಾನು ಸಣ್ಣ ಆಗ್ತಾ ಬಂದಾಗ ಮೊದ್ಲು ಹೆದರಿ ಕಾಯ್ಲೆನಾ ಅಂತ ಕೇಳಿದ್ಲು, ನಮ್ಮೋರು ಯಾಕೆ ಸೊರಗಿದೀಯ ಅಂತ ಕೇಳೋ ಹಂಗೇ. ಇಂಜೆಕ್ಷನ್ ಅಂದೆ. ಅವಳಿಗೂ ಶುಗರ್ ಗಡಿ ಮೇಲೇ ಇದೆ, 6.1, ಮಂಡಿ ನೋವು, ರಾತ್ರಿ ಉಸಿರು ಕಟ್ಟುತ್ತೆ. ರೇಟು ಕೇಳಿದ್ಲು. ಹೇಳ್ದೆ. ಬೆರಳಲ್ಲಿ ಲೆಕ್ಕ ಹಾಕಿ "250 ತಮಾಲೆ" ಅಂದ್ಲು, ಆಮೇಲೆ ಆ ಮಾತೇ ಎತ್ತಲಿಲ್ಲ.

ನವೆಂಬರಲ್ಲಿ ಒಂದು ಸಂಜೆ ಬಂದು ಚಿಕ್ಕ ಪ್ಲಾಸ್ಟಿಕ್ ಪೊಟ್ಟಣ ತೋರ್ಸಿದ್ಲು. ಖುಷೀಲಿದ್ಲು. ನ್ವೆಸ್ ದೆ ಲಾ ಇಂದಿಯಾ, ಅಂದ್ರೆ ಇಂಡಿಯಾದ ಕಾಯಿ, ನಿಮ್ ದೇಶದ್ದೇ ಮಿಹಾ, ನಿಂಗೆ ಗೊತ್ತಿರುತ್ತಲ್ಲ, ಒಂದು ಬೀಜ ಎಂಟು ಚೂರು ಮಾಡಿ ದಿನಾ ಒಂದು ಚೂರು ಕುದಿಸಿ ಕುಡಿದ್ರೆ ತೂಕ ಇಳಿಯುತ್ತಂತೆ, 20 ಡಾಲರ್ ಅಷ್ಟೇ. ನಾಲ್ಕು ದಿನದಿಂದ ಕುಡೀತಿದ್ಲು. ಎರಡು ದಿನದಿಂದ ವಾಂತಿ, ತಲೆ ಸುತ್ತು, ಅದು ಕೆಲಸ ಮಾಡ್ತಿರೋ ಲಕ್ಷಣ ಅಂತ ಮಾರಿದೋರು ಹೇಳಿದ್ರಂತೆ.

ಪೊಟ್ಟಣ ಕೈಗೆ ತಗೊಂಡೆ. ನಂಗೆ ಗೊತ್ತಿತ್ತು ಆ ಬೀಜ. ನಮ್ಮೂರ ಸ್ಕೂಲ್ ಬೇಲಿ ಪೂರ್ತಿ ಹಳದಿ ಕಣಗಿಲೆ, ಹಸ್ರು ಕಾಯಿ, ಒಳಗೆ ಮೂರುಮೂಲೆಯ ಗಟ್ಟಿ ಬೀಜ, ನಾವು ಆಡೋಕೆ ಎತ್ಕೊಂಡ್ರೆ ಅಜ್ಜಿ ಕೈಮೇಲೆ ಹೊಡೆದು ಬಿಸಾಕಿಸೋಳು. ನಾನು ಆರನೇ ಕ್ಲಾಸಲ್ಲಿದ್ದಾಗ ನಮ್ ಬೀದಿಯ ಒಬ್ಳು ಸೊಸೆ ಅದನ್ನೇ ಅರೆದು ಕುಡಿದು ಸತ್ತಿದ್ದು. ಹೃದಯದ ಬಡಿತಾನೇ ಕೆಡಿಸುತ್ತೆ ಆ ವಿಷ. ನನ್ ಕೈ ನಡುಗ್ತಿತ್ತು. ಪಾಯ್ಸನ್ ಕಂಟ್ರೋಲ್‌ಗೆ ಫೋನ್ ಮಾಡ್ದೆ, 1-800-222-1222, ಸ್ಪ್ಯಾನಿಷಲ್ಲೂ ಮಾತಾಡ್ತಾರೆ, ಈಗ್ಲೇ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ ಅಂದ್ರು. ಇಸಿಜಿಯಲ್ಲಿ ಬಡಿತ ನಿಧಾನ ಇತ್ತು, ರಾತ್ರಿಯಿಡೀ ಮಾನಿಟರ್ ಹಾಕಿ ಇಟ್ಕೊಂಡ್ರು. ನಾನು ಪಕ್ಕದಲ್ಲೇ ಕೂತಿದ್ದೆ. ಬದುಕಿದ್ಲು, ಪುಣ್ಯ.

ಆಮೇಲೆ ಮನೆಗೆ ಬಂದು ಓದಿದ್ರೆ ಇದು ಹೊಸ ವಿಷ್ಯವೇ ಅಲ್ಲ. ಮೆಕ್ಸಿಕೋದ ತೆಹೊಕೊತೆ ಅನ್ನೋ ಹಣ್ಣಿನ ಮರದ ಬೇರು ಅಂತ ತೂಕ ಇಳಿಸೋಕೆ ಮಾರ್ತಿದ್ದ 10 ಪ್ರಾಡಕ್ಟ್ ತರಿಸಿ ಟೆಸ್ಟ್ ಮಾಡಿದ್ರೆ 9ರಲ್ಲಿ ಇದ್ದಿದ್ದು ಹಳದಿ ಕಣಗಿಲೆ, ಸೆಪ್ಟೆಂಬರ್ 2023ರಲ್ಲೇ ಸಿಡಿಸಿ ಪ್ರಕಟಿಸಿದೆ. 2024ರ ಜನವರಿಯಲ್ಲಿ ಅಮೆರಿಕಾದ ಆಹಾರ-ಔಷಧಿ ಇಲಾಖೆ ಎಫ್‌ಡಿಎ ಈ ನ್ವೆಸ್ ದೆ ಲಾ ಇಂದಿಯಾ ಹೆಸರಿನೋದ್ರ ಬಗ್ಗೆನೂ ಎಚ್ಚರಿಕೆ ಕೊಟ್ಟಿದೆ. ಆ ಹೆಸರಿನ ನಿಜವಾದ ಕಾಯಿ ಬೇರೆ ಮರದ್ದು, ಪೊಟ್ಟಣದಲ್ಲಿ ಬರ್ತಿರೋದು ಇದು. ತಮಾಲೆ ಮಾರೋ ಹೆಂಗಸಿಗೆ ಎಫ್‌ಡಿಎ ವೆಬ್‌ಸೈಟ್ ಯಾರು ಓದಿ ಹೇಳ್ಬೇಕು? ನಮ್ ದೇಶದ ಹೆಸರಿಟ್ಟು ವಿಷ ಮಾರಿದಾರಲ್ಲ ಅಂತ ಎಷ್ಟು ದಿನ ನಿದ್ದೆ ಬರ್ಲಿಲ್ಲ ನಂಗೆ.

ಇನ್ನೊಂದು ವಿಷ್ಯ ನೆನಪಾಗಿ ಹೊಟ್ಟೆ ಉರಿಯುತ್ತೆ. ಈ ಇಂಜೆಕ್ಷನ್‌ಗಳ ವಂಶದ ಮೊದಲನೇದು ಶುರುವಾಗಿದ್ದು ಇದೇ ನ್ಯೂಯಾರ್ಕಲ್ಲಿ, ಬ್ರಾಂಕ್ಸಿನ ಮಾಜಿ ಸೈನಿಕರ ಆಸ್ಪತ್ರೇಲಿ. ಜಾನ್ ಎಂಗ್ ಅನ್ನೋ ಡಾಕ್ಟ್ರು ಅಮೆರಿಕಾ ಮೆಕ್ಸಿಕೋ ಮರುಭೂಮಿಯ ಹೀಲಾ ಮಾನ್ಸ್ಟರ್ ಅನ್ನೋ ಉಡದಂಥ ಪ್ರಾಣಿಯ ವಿಷದಲ್ಲಿ ಒಂದು ಹಾರ್ಮೋನ್ ಕಂಡುಹಿಡಿದ್ರು, ಅದರಿಂದ ಬಂದ ಶುಗರ್ ಔಷಧಿಗೆ 2005ರಲ್ಲಿ ಒಪ್ಪಿಗೆ ಸಿಕ್ತು. ಟರ್ಜೆಪಟೈಡ್‌ನ ದೊಡ್ಡ ಟ್ರಯಲಲ್ಲಿ, 2022ರಲ್ಲಿ ಪ್ರಕಟ ಆಯ್ತಲ್ಲ, 2539 ಜನರಲ್ಲಿ ಹೆಚ್ಚುಕಮ್ಮಿ ಅರ್ಧ ಹಿಸ್ಪಾನಿಕ್ ಜನ. ಮೈಕೊಟ್ಟು ಪರೀಕ್ಷೆ ಮಾಡಿಸ್ಕೊಂಡೋರು ಇವರ ಕಡೆಯೋರೇ, ಔಷಧಿ ಬಂದ ಮೇಲೆ 250 ತಮಾಲೆ ಆಯ್ತು. ಬಡವರ ಸರ್ಕಾರಿ ವಿಮೆ ನಮ್ ರಾಜ್ಯದಲ್ಲಿ ಇದನ್ನ ಶುಗರ್ ಇರೋರಿಗೆ ಕೊಡುತ್ತೆ, ಬರೀ ಬೊಜ್ಜಿಗೆ ಕೊಡಲ್ಲ. ಮೊದ್ಲು ಶುಗರ್ ಬರಿಸ್ಕೊಂಡು ಬಾ ಅಂದಂಗಾಯ್ತು.

ಅದಕ್ಕೇ ಸ್ಟಾರ್ ವಿಷ್ಯಕ್ಕೆ ಬಂದ್ರೆ, ಔಷಧಿಗೆ ನಂದು ಐದು. ಅದನ್ನ ಕೈಗೆ ತಲುಪಿಸೋ ವ್ಯವಸ್ಥೆಗೆ ಒಂದೂ ಕೊಡಲ್ಲ. ಬೆಂಗ್ಳೂರು ಕಡೆಯಿಂದ ಓದ್ತಿರೋರಿಗೆ, ಅಲ್ಲಿ ಮೌಂಜಾರೊ ಮಾರ್ಚ್ 2025ರಲ್ಲಿ ಬಂತು, ಆಗ 2.5 ಮಿ.ಗ್ರಾಂ ವೈಲ್ ಒಂದಕ್ಕೆ 3500 ರೂಪಾಯಿ ಇಂದ ಶುರು ಅಂತ ತಂಗಿ ಹೇಳಿದ್ಲು. ತಗೊಳ್ಳಿ, ಆದ್ರೆ ಡಾಕ್ಟ್ರಿಗೆ ತೋರಿಸ್ದೆ ಬ್ಯೂಟಿ ಪಾರ್ಲರಲ್ಲಿ ಸಿಗೋದನ್ನ ಮುಟ್ಬೇಡಿ, ಕಾಯಿ ಬೀಜ ಬೇರಂತೂ ಬೇಡ್ವೇ ಬೇಡ. ಮನೇಲಿ ಥೈರಾಯ್ಡ್ ಕ್ಯಾನ್ಸರ್ ಹಿಸ್ಟರಿ ಇದ್ರೆ ಮೊದ್ಲೇ ಹೇಳಿ.

ಅಕ್ಕ ಈಗ ನಗರದ ಸರ್ಕಾರಿ ಆಸ್ಪತ್ರೆಗೆ ಹೋಗ್ತಿದಾಳೆ, ಇನ್ಶೂರೆನ್ಸ್ ಇಲ್ಲದೋರಿಗೆ ಆದಾಯ ನೋಡಿ ಫೀಸು. ಮೆಟ್‌ಫಾರ್ಮಿನ್ ಕೊಟ್ಟಿದಾರೆ, ಉಸಿರು ಕಟ್ಟೋದಕ್ಕೆ ನಿದ್ದೆ ಟೆಸ್ಟಿಗೆ ಬರೆದಿದಾರೆ. ಸಂಜೆ ನನ್ ಜೊತೆ 34ನೇ ಅವೆನ್ಯೂಗೆ ಬರ್ತಾಳೆ, ಚಳಿ ಜಾಸ್ತಿ ಇದ್ರೆ ಬಿಲ್ಡಿಂಗ್ ಮೆಟ್ಟಿಲೇ ನಾಲ್ಕು ಸಲ ಹತ್ತಿ ಇಳೀತೀವಿ. ಜನವರಿ 2026ರಲ್ಲಿ, ಇದೇ ವಂಶದ ವೆಗೋವಿ ಅನ್ನೋ ತೂಕದ ಔಷಧಿ ಮಾತ್ರೆಯಾಗಿ ಬಂದಿದೆ, ಶುರುವಿನ ಡೋಸ್ ತಿಂಗಳಿಗೆ 149 ಡಾಲರ್ ಅಂತ ಹೇಳ್ದೆ. ಮೆಟ್ಟಿಲ ಮೇಲೆ ನಿಂತು ಉಸಿರು ತಗೊಂಡು "75" ಅಂದ್ಲು, ಇನ್ನೊಂದು ಸಲ ಹೇಳು, ಯಾವ ಡಾಕ್ಟ್ರು ಬರ್ಕೊಡ್ತಾರೆ ಅಂತ ಕೇಳಿದ್ಲು.