ಬಸುರಿಯ ರೋಜಾಕ್ಕೆ ಮೆಡಿಕಲ್ ಶಾಪಿನ ಸಾಮಾನು: ಯಾವುದಕ್ಕೆ ದುಡ್ಡು ಹಾಕಬಹುದು, ಯಾವುದು ದಂಡ

ರೋಜಾ, ಅಂದರೆ ರಂಜಾನ್ ತಿಂಗಳ ಉಪವಾಸ, ಹತ್ತಿರ ಬಂತೆಂದರೆ ಮೆಡಿಕಲ್ ಶಾಪಿನ ಕೌಂಟರಿನ ಮೇಲೆ ಗ್ಲೂಕೋಸ್ ಪುಡಿ, ಓಆರ್‌ಎಸ್, ಬಾಣಂತಿ-ಬಸುರಿಯರ ಪೌಷ್ಟಿಕ ಪುಡಿಯ ಡಬ್ಬಿ, ಖರ್ಜೂರದ ಪೊಟ್ಟಣ ಎಲ್ಲವೂ ಒಟ್ಟಿಗೆ ಬಂದು ಕೂರುತ್ತವೆ. ಗರ್ಭಿಣಿ ಇರುವ ಮನೆಯವರು ಇವನ್ನೇ ಮೊದಲು ಕೊಳ್ಳುವುದು. ನಮ್ಮ ತೀರ್ಪು ಇದಕ್ಕೆ ತಿರುಗುಮುರುಗು. "ಶಕ್ತಿ ಕೊಡುತ್ತದೆ" ಎಂದು ಮಾರುವ ಸಾಮಾನಿನಲ್ಲಿ ಹೆಚ್ಚಿನದು ಬೇಡ. ರೋಜಾ ಮುಂದುವರಿಸಬೇಕೋ ಮುರಿಯಬೇಕೋ ಎಂದು ಹೇಳಬಲ್ಲ ಅಳತೆಯ ಸಾಮಾನಿಗೆ ಮಾತ್ರ ದುಡ್ಡು ಹಾಕಿ. ಅಂದರೆ ಶುಗರ್ ಮಷೀನ್, ತೋಳಿಗೆ ಕಟ್ಟುವ ಬಿಪಿ ಮಷೀನ್.

ಕೊಳ್ಳುವ ಮೊದಲು ಒಂದು ಮಾತು. ಯಾವ ಮಷೀನೂ ರೋಜಾ ಇರಲು ಅನುಮತಿ ಪತ್ರವಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು, ಮೊದಲಿಂದಲೇ ಸಕ್ಕರೆ ಕಾಯಿಲೆ ಇದ್ದವರು, ಬಿಪಿ ಮಾತ್ರೆ ನುಂಗುವವರು, ಅವಳಿ ಹೊತ್ತವರು, ವಾಂತಿ ನಿಲ್ಲದವರು, ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿಳಿದವರು, ಮಗುವಿನ ಬೆಳವಣಿಗೆ ಅಥವಾ ಗರ್ಭದ ನೀರು ಕಮ್ಮಿ ಎಂದು ಸ್ಕ್ಯಾನಿಂಗ್‌ನಲ್ಲಿ ಬಂದವರು ಏನು ಕೊಂಡರೂ ರೋಜಾ ಇರುವ ಹಾಗಿಲ್ಲ. ಗರ್ಭಿಣಿಗೂ ಹಾಲೂಡಿಸುವವಳಿಗೂ ಶರೀಅತ್‌ನಲ್ಲೇ ರಿಯಾಯಿತಿ ಇದೆ. ಆದರೆ ಬಿಟ್ಟ ದಿನದ ಲೆಕ್ಕ ಮಜ್ಹಬ್ (ಧರ್ಮಶಾಸ್ತ್ರದ ಪಂಥ) ನೋಡಿಕೊಂಡು ಬದಲಾಗುತ್ತದೆ. ಒಳನಾಡಿನ ದಖನಿ ಮಾತಾಡುವ ಮನೆಗಳು ಹೆಚ್ಚಾಗಿ ಹನಫಿ. ಅವರಿಗೆ ಆಮೇಲೆ ಖಜಾ (ಬಿಟ್ಟ ರೋಜಾವನ್ನು ಬೇರೆ ದಿನ ಇರುವುದು) ತೀರಿಸಿದರೆ ಸಾಕು, ಫಿದಿಯಾ (ಪರಿಹಾರವಾಗಿ ಕೊಡುವ ದಾನ) ಇಲ್ಲ. ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಶಾಫಿ. ಅಲ್ಲಿ ತನ್ನ ಆರೋಗ್ಯಕ್ಕೆ ಹೆದರಿ ಬಿಟ್ಟರೆ ಖಜಾ ಮಾತ್ರ, ಬರೀ ಮಗುವಿಗಾಗಿ ಬಿಟ್ಟರೆ ಖಜಾ ಜೊತೆಗೆ ಫಿದಿಯಾ ಎಂದು ದಿನಕ್ಕೊಂದು ಮುದ್ದ್ (ಹಳೆಯ ಅಳತೆ) ಧಾನ್ಯ. ಮಂಗಳೂರಿನ ಸೊಸೆ ಬೆಂಗಳೂರಿನ ಅತ್ತೆಮನೆಯಲ್ಲಿದ್ದರೆ ಈ ವಿಷಯಕ್ಕೇ ವಾದ ಹುಟ್ಟುತ್ತದೆ. ತಮ್ಮ ತಮ್ಮ ಉಸ್ತಾದರನ್ನೋ ಮೌಲಾನಾರನ್ನೋ ರಂಜಾನಿಗೆ ಮುಂಚೆಯೇ ಕೇಳಿಬಿಡುವುದು ವಾಸಿ.

ಈಗ ಶುಗರ್ ಮಷೀನ್. ಗರ್ಭದಲ್ಲಿ ಹೊಟ್ಟೆ ಖಾಲಿಯಾದರೆ ಸಕ್ಕರೆ ಬೇರೆಯವರಿಗಿಂತ ಬೇಗ ಇಳಿಯುತ್ತದೆ, ಕೀಟೋನ್ (ಮೈ ಕೊಬ್ಬು ಕರಗಿಸಿದಾಗ ಹುಟ್ಟುವ ಪದಾರ್ಥ) ಬೇಗ ಏರುತ್ತದೆ, ಏಕೆಂದರೆ ಮಗು ನಿಲ್ಲಿಸದೆ ಗ್ಲೂಕೋಸ್ ಎಳೆದುಕೊಳ್ಳುತ್ತಿರುತ್ತದೆ. ಈಚಿನ ವರ್ಷಗಳಲ್ಲಿ ರಂಜಾನ್ ಫೆಬ್ರವರಿ–ಮಾರ್ಚ್ ಹೊತ್ತಿಗೆ ಬರುತ್ತಿದೆ. ಬೆಂಗಳೂರಿನಲ್ಲಿ ರೋಜಾ ಸುಮಾರು 13 ಗಂಟೆ. ಕೊನೆಯ ಮೂರ್ನಾಲ್ಕು ಗಂಟೆಯೇ ಗಟ್ಟಿ ಪರೀಕ್ಷೆ. ಗರ್ಭಾವಸ್ಥೆಯ ಶುಗರ್ ಬರೀ ಪಥ್ಯದಲ್ಲಿ ಹಿಡಿತಕ್ಕೆ ಬಂದಿದ್ದು, ಡಾಕ್ಟರ್ ಒಪ್ಪಿ ರೋಜಾ ಇರುವವರಿಗೆ ಈ ಮಷೀನ್ ಕಡ್ಡಾಯ. ಶುಗರ್ ಇಲ್ಲದ ಆರೋಗ್ಯವಂತೆಗೆ ಕಡ್ಡಾಯವಲ್ಲ. ಆದರೂ ಕೈ ನಡುಗಿದಾಗ, ಬೆವರಿದಾಗ ಸುಸ್ತೋ ಶುಗರ್ ಇಳಿದದ್ದೋ ಎಂದು ಅಲ್ಲೇ ತಿಳಿಯುತ್ತದೆ.

ಬೆರಳು ಚುಚ್ಚಿ ರಕ್ತ ನೋಡಿದರೆ ರೋಜಾ ಮುರಿಯುವುದಿಲ್ಲ. ಈ ಅನುಮಾನ ಎಷ್ಟು ಜನರಿಗಿದೆಯೆಂದರೆ, ಮನೆಯಲ್ಲೇ ಮಷೀನ್ ಇಟ್ಟುಕೊಂಡು ಇಫ್ತಾರ್ (ಸಂಜೆ ರೋಜಾ ಬಿಡುವ ಊಟ) ಆದ ಮೇಲೆ ಮಾತ್ರ ನೋಡುವವರಿದ್ದಾರೆ. ಆಗ ನೋಡಿ ಅರ್ಧ ಉಪಯೋಗವೂ ಇಲ್ಲ. ನೋಡಬೇಕಾದ ಹೊತ್ತು ಇವು: ಸಹರಿಗೆ (ರೋಜಾಕ್ಕೆ ಮುಂಚಿನ ಬೆಳಗಿನ ಜಾವದ ಊಟಕ್ಕೆ) ಎದ್ದ ಕೂಡಲೇ, ಬೆಳಗ್ಗೆ 11ರ ಸುಮಾರಿಗೆ, ಮಧ್ಯಾಹ್ನ 3ರ ನಂತರ, ಇಫ್ತಾರ್‌ಗೆ ತುಸು ಮುಂಚೆ, ಇಫ್ತಾರ್ ಆಗಿ 2 ಗಂಟೆಗೆ, ಮತ್ತೆ ಮೈ ಸರಿಯಿಲ್ಲ ಅನ್ನಿಸಿದ ಯಾವ ಕ್ಷಣದಲ್ಲಾದರೂ. 70ಕ್ಕಿಂತ ಕೆಳಗೆ ಬಂದರೆ ಅಲ್ಲಿಗೆ ರೋಜಾ ಮುಗಿಯಿತು, ಅಜಾನ್‌ಗೆ ಇಪ್ಪತ್ತೇ ನಿಮಿಷ ಉಳಿದಿದ್ದರೂ ಸರಿ. ಮೂರು ಟೀ ಚಮಚ ಸಕ್ಕರೆ ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕುಡಿದು, ಆಮೇಲೆ ಊಟ ಮಾಡಬೇಕು. ಇಫ್ತಾರ್ ಆಗಿ 2 ಗಂಟೆಗೆ 120 ಒಳಗಿರಬೇಕು. ಪದೇ ಪದೇ ದಾಟುತ್ತಿದ್ದರೆ ಸಂಜೆಯ ತಟ್ಟೆ ಬದಲಾಗಬೇಕು, ಇಲ್ಲವೇ ರೋಜಾ ನಿಲ್ಲಬೇಕು.

ಮಷೀನ್ ಸುಳ್ಳು ಹೇಳುವುದು ಎಲ್ಲಿ ಎಂದು ಗೊತ್ತಿರಬೇಕು. ಈ ಯಂತ್ರಗಳಿಗಿರುವ ಐಎಸ್ಒ 15197 ಮಾನದಂಡದ ಪ್ರಕಾರವೇ, 100ರ ಕೆಳಗಿನ ಓದು 15 ಅಂಕಿ ಆಚೀಚೆ ಆದರೂ ಮಷೀನ್ ಪಾಸು. ರಕ್ತದಲ್ಲಿ ನಿಜಕ್ಕೂ 60 ಇದ್ದರೆ ಪರದೆಯ ಮೇಲೆ 75 ಬರಬಹುದು. ಹಾಗಾಗಿ ಕೈ ನಡುಗುತ್ತಿದ್ದು 74 ತೋರಿಸಿದರೆ ಮಷೀನ್ ಮಾತು ನಂಬಬೇಡಿ, ಮೈಯ ಮಾತು ನಂಬಿ. ಇನ್ನೊಂದು ಅಂಗಡಿಯವರು ಯಾರೂ ಹೇಳದ ವಿಷಯ. ರಕ್ತಹೀನತೆ ಇದ್ದರೆ ಹಲವು ಮಷೀನ್‌ಗಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ, ಅಂದರೆ ಇಳಿದ ಶುಗರ್ ಮುಚ್ಚಿಹೋಗುತ್ತದೆ. ನಮ್ಮ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇರುವಾಗ ಇದು ಸಣ್ಣ ಮಾತಲ್ಲ. ಸ್ಟ್ರಿಪ್ ಡಬ್ಬಿಯೊಳಗಿನ ಚೀಟಿಯಲ್ಲಿ ಹಿಮಾಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) ಮಿತಿ ಅಚ್ಚಾಗಿರುತ್ತದೆ. 30–55 ಎಂದಿರುವುದಕ್ಕಿಂತ 20–60 ಎಂದಿರುವುದನ್ನು ಆರಿಸಿ.

ತಪ್ಪು ಓದಿಗೆ ಮೂರನೆಯ ಕಾರಣ ಖರ್ಜೂರ. ಹಣ್ಣು ಬಿಡಿಸಿದ ಬೆರಳಿನ ಅಂಟು ಸ್ಟ್ರಿಪ್‌ಗೆ ತಾಗಿದರೆ 110 ಇದ್ದದ್ದು ಎಲ್ಲಿಗೋ ಏರುತ್ತದೆ, ಮನೆಯವರು ಗಾಬರಿಯಾಗುತ್ತಾರೆ. ಸೋಪಿನಲ್ಲಿ ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ. ಒದ್ದೆ ಬೆರಳಿನಲ್ಲಿ ರಕ್ತ ತೆಳುವಾಗಿ ಕಡಿಮೆ ತೋರಿಸುತ್ತದೆ. ಬೆರಳಿನ ತುದಿಯ ನಡುವಿಗಲ್ಲ, ಪಕ್ಕಕ್ಕೆ ಚುಚ್ಚಿ. ಹನಿ ಬಾರದಿದ್ದರೆ ಕೈ ಇಳಿಬಿಟ್ಟು ಬೆಚ್ಚಗೆ ಮಾಡಿಕೊಳ್ಳಿ, ಹಿಂಡಬೇಡಿ. ಮಂಗಳೂರು, ಉಡುಪಿ ಕಡೆಯ ತೇವದ ಗಾಳಿಗೆ ಸ್ಟ್ರಿಪ್ ಬೇಗ ಕೆಡುತ್ತದೆ. ಒಂದು ತೆಗೆದ ತಕ್ಷಣ ಮುಚ್ಚಳ ಹಾಕಿ, ಫ್ರಿಜ್ಜಿನಲ್ಲಿಡಬೇಡಿ, ಡಬ್ಬಿ ತೆರೆದ ತಾರೀಖನ್ನು ಅದರ ಮೇಲೇ ಬರೆಯಿರಿ. ಮಷೀನ್ ಅಗ್ಗಕ್ಕೆ ಸಿಗುತ್ತದೆ, ಕೈ ಸುಡುವುದು ಸ್ಟ್ರಿಪ್. ದಿನಕ್ಕೆ ಐದರಂತೆ ಲೆಕ್ಕ ಹಾಕಿದರೆ ತಿಂಗಳಿಗೆ 150 ಬೇಕು. ಆದ್ದರಿಂದ ಮಷೀನ್ ಬೆಲೆ ಕೇಳುವ ಮೊದಲು 50 ಸ್ಟ್ರಿಪ್‌ನ ಡಬ್ಬಿಯ ಬೆಲೆ ಕೇಳಿ, ಅದು ನಿಮ್ಮೂರಿನ ಅಂಗಡಿಯಲ್ಲೇ ಸಿಗುತ್ತದೆಯೇ ಎಂದೂ ಕೇಳಿ.

ತೋಳಿಗೆ ಅಂಟಿಸುವ 14 ದಿನದ ಸೆನ್ಸರ್‌ಗೆ ದುಡ್ಡಿದ್ದವರು ಹೋಗಲಿ. ಆ ತೋಳಿನ ಮೇಲೆ ಒರಗಿ ಮಲಗಿದರೆ ಸಹರಿ ಹೊತ್ತಿಗೆ ಸುಳ್ಳು ಇಳಿತ ತೋರಿಸುತ್ತದೆ. ಅನುಮಾನ ಬಂದಾಗ ಬೆರಳು ಚುಚ್ಚಿಯೇ ನೋಡಬೇಕು.

ಬಿಪಿ ಮಷೀನ್ ಕೊಳ್ಳುವುದಾದರೆ ತೋಳಿನದ್ದೇ ಇರಲಿ, ಮಣಿಕಟ್ಟಿನದ್ದು ಬೇಡ. ಪಟ್ಟಿ ತೋಳಿಗೆ ಚಿಕ್ಕದಾದರೆ ಬಿಪಿ ಹೆಚ್ಚು ತೋರಿಸುತ್ತದೆ, ಅಂಗಡಿಯಲ್ಲೇ ಕಟ್ಟಿ ನೋಡಿ. ಐದು ನಿಮಿಷ ಬೆನ್ನು ಆನಿಸಿ ಕುಳಿತು, ತೋಳು ಎದೆಯ ಮಟ್ಟಕ್ಕಿಟ್ಟು ನೋಡಿ. 140/90 ಮುಟ್ಟಿದರೆ ಅಂದೇ ಡಾಕ್ಟರ್, 160/110 ಮುಟ್ಟಿದರೆ ಆ ಗಳಿಗೆಯೇ ಆಸ್ಪತ್ರೆ. ಇದಕ್ಕೂ ರೋಜಾಕ್ಕೂ ಸಂಬಂಧವಿಲ್ಲ ಅನ್ನಬಹುದು. ಸಂಬಂಧ ಇದೆ: ತಲೆನೋವು, ಕಣ್ಣು ಮಂಜು ಬಂದಾಗ "ರೋಜಾದ ಸುಸ್ತು" ಎಂದು ಮಲಗಿಸಿಬಿಡುತ್ತಾರೆ.

ಮೂತ್ರದ ಕೀಟೋನ್ ಸ್ಟ್ರಿಪ್ ಅಗ್ಗ, ಆದರೆ ಓದಲು ತಾಳ್ಮೆ ಬೇಕು. ಅದ್ದಿದ ಮೇಲೆ ಡಬ್ಬಿಯಲ್ಲಿ ಬರೆದಷ್ಟೇ ಸೆಕೆಂಡಿಗೆ ಬಣ್ಣ ನೋಡಬೇಕು. ಕೆಲವಕ್ಕೆ 15, ಕೆಲವಕ್ಕೆ 40. ಐದು ನಿಮಿಷ ಬಿಟ್ಟು ನೋಡಿದ ನೇರಳೆ ಬಣ್ಣಕ್ಕೆ ಅರ್ಥವಿಲ್ಲ. ಸಂಜೆಯ ಹೊತ್ತಿಗೆ ಮಸುಕಾದ ಗುರುತು ಬಂದರೆ ಹೆದರಬೇಕಿಲ್ಲ. ದಟ್ಟ ಬಣ್ಣದ ಜೊತೆ ವಾಂತಿಯೋ ತಲೆಸುತ್ತೋ ಇದ್ದರೆ ರೋಜಾ ಮುರಿದು ಆಸ್ಪತ್ರೆಗೆ ಹೋಗಿ. ಶುಗರ್ ಮಷೀನ್ ಇದ್ದವರಿಗೆ ಇದು ಇಲ್ಲದಿದ್ದರೂ ನಡೆಯುತ್ತದೆ. ಮೂತ್ರದ ಬಣ್ಣ ಮತ್ತು ಪ್ರಮಾಣ ಗಮನಿಸಲು ದುಡ್ಡು ಕೊಡಬೇಕಿಲ್ಲ. ಗಾಢ ಹಳದಿಯಾಗಿ, ಮಧ್ಯಾಹ್ನದಿಂದ ಹೋಗೇ ಇಲ್ಲ ಅಂದರೆ ಅದೇ ಎಚ್ಚರಿಕೆ.

ಓಆರ್‌ಎಸ್ ವಿಷಯದಲ್ಲಿ ಮೋಸ ಜಾಸ್ತಿ. ನಿಜವಾದದ್ದು ಪುಡಿಯ ಪೊಟ್ಟಣ: ಒಂದು ಲೀಟರಿಗೆ 20.5 ಗ್ರಾಂ, ಅದರಲ್ಲಿ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ. ಬಣ್ಣದ ಟೆಟ್ರಾ ಪ್ಯಾಕಿನಲ್ಲಿ ಸೇಬು, ಕಿತ್ತಳೆ ರುಚಿಯಲ್ಲಿ ಬರುತ್ತಿದ್ದ ಹಲವು ಇದರ ಹೆಸರಿಟ್ಟುಕೊಂಡ ಸಕ್ಕರೆ ಪಾನಕಗಳು. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ, ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಪದ ಬಳಸಬಾರದೆಂದು ಆದೇಶಿಸಿತು. ನಿಜವಾದದ್ದನ್ನೂ ಭೇದಿ, ವಾಂತಿ ಆದಾಗ ಕುಡಿಯಲು ಮನೆಯಲ್ಲಿಟ್ಟಿರಿ, ದಾಹ ತಡೆಯಲಿ ಎಂದು ದಿನಾ ಸಹರಿಗೆ ಕುಡಿಯಬೇಡಿ. ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಕಲಸುವುದು ದೊಡ್ಡ ತಪ್ಪು. ಉಪ್ಪು ಹೆಚ್ಚಾಗಿ ದಾಹ ಇನ್ನೂ ಏರುತ್ತದೆ. ನೀರಿಗೆ ಬದಲಿ ಇಲ್ಲ. ಇಫ್ತಾರ್‌ನಿಂದ ಸಹರಿಯವರೆಗೆ ಎರಡರಿಂದ ಎರಡೂವರೆ ಲೀಟರ್, ಮಲಗುವವರೆಗೆ ಗಂಟೆಗೊಂದೆರಡು ಲೋಟದಂತೆ, ಸಹರಿಗೆ ಎರಡು ಲೋಟ. ಕೊನೆಯ ಹತ್ತು ನಿಮಿಷದಲ್ಲಿ ಒಂದು ಲೀಟರ್ ಸುರಿದುಕೊಂಡರೆ ಫಜ್ರ್ (ಮುಂಜಾವಿನ ನಮಾಜು) ಮುಗಿಯುವಷ್ಟರಲ್ಲಿ ಅರ್ಧ ಹೊರಗೆ ಹೋಗಿರುತ್ತದೆ.

ಗ್ಲೂಕೋಸ್ ಪುಡಿ ಬೇಡವೇ ಬೇಡ. ಗರ್ಭಿಣಿಯರ ಶುಗರ್ ಪತ್ತೆಗೆ ಲ್ಯಾಬಿನಲ್ಲಿ ಕುಡಿಸುವುದು 75 ಗ್ರಾಂ ಗ್ಲೂಕೋಸ್. ಇಫ್ತಾರ್‌ಗೆ ಧಾರಾಳವಾಗಿ ಕಲಸಿದ ಒಂದು ಲೋಟ ಅದರ ಅರ್ಧ ದಾರಿಗೆ ಬಂದುಬಿಡುತ್ತದೆ, ಮೇಲೆ ಗುಲಾಬಿ ಶರಬತ್ತು, ಖರ್ಜೂರ, ಜಿಲೇಬಿ ಬೇರೆ. ಪೌಷ್ಟಿಕ ಪುಡಿಗಳನ್ನು ಡಬ್ಬಿಯ ಮುಂದಿನ ಚಿತ್ರ ನೋಡಿ ಕೊಳ್ಳಬೇಡಿ, ಹಿಂದಿನ ಪಟ್ಟಿ ಓದಿ. ಪ್ರೋಟೀನ್‌ಗಿಂತ ಸಕ್ಕರೆ ಹೆಚ್ಚಿದ್ದರೆ ವಾಪಸ್ ಇಡಿ. ಎರಡು ಮೊಟ್ಟೆ, ಒಂದು ಬಟ್ಟಲು ಗಟ್ಟಿ ಬೇಳೆ, ಮೊಸರು ಇಷ್ಟಿದ್ದರೆ ಆ ಪುಡಿ ಬೇಕಿಲ್ಲ. ಸಹರಿಗೆ ಕಲಬುರಗಿ, ಬೀದರ್ ಕಡೆಯ ಖಿಚಡಿ-ಖಟ್ಟಾ ರುಚಿಯಾದದ್ದೇ. ಅದಕ್ಕೆ ಬೇಳೆ ಜಾಸ್ತಿ, ಅಕ್ಕಿ ಕಡಿಮೆ ಹಾಕಿ, ಪಕ್ಕಕ್ಕೆ ಖೀಮಾ ಅಥವಾ ಮೊಟ್ಟೆ ಇಡಿ. ಜೋಳದ ರೊಟ್ಟಿ, ರಾಗಿ ರೊಟ್ಟಿ ಇನ್ನೂ ಒಳ್ಳೆಯದು. ರಾಗಿಯನ್ನೇ ನುಣ್ಣಗೆ ಹಿಟ್ಟು ಮಾಡಿ ತೆಳ್ಳಗೆ ಗಂಜಿ ಕಾಯಿಸಿದರೆ ಮಾತ್ರ ಸಕ್ಕರೆ ಬೇಗ ಏರಿ ಬೇಗ ಇಳಿಯುತ್ತದೆ, ಹತ್ತು ಗಂಟೆಗೇ ಹಸಿವು.

ಖರ್ಜೂರಕ್ಕೆ ನಮ್ಮ ಒಪ್ಪಿಗೆ ಇದೆ, ಎಣಿಸಿ ತಿನ್ನುವುದಾದರೆ. ಮೆಡ್‌ಜೂಲ್ ಎಂಬ ದೊಡ್ಡ ಜಾತಿಯ ಖರ್ಜೂರ ಒಂದು ಸುಮಾರು 24 ಗ್ರಾಂ ತೂಗುತ್ತದೆ, ಅದರಲ್ಲಿ 16 ಗ್ರಾಂ ಸಕ್ಕರೆ. ಸಣ್ಣ ಜಾತಿಯ ಮೂರು ತಿಂದರೂ ಅಷ್ಟೇ. "ಮೂರು ಸುನ್ನತ್" (ಪ್ರವಾದಿಯವರ ರೂಢಿ) ಎಂದು ಮೂರು ಮೆಡ್‌ಜೂಲ್ ತಿಂದರೆ ಹತ್ತು ಚಮಚ ಸಕ್ಕರೆಗೂ ಹೆಚ್ಚಾಯಿತು. ಶುಗರ್ ಇದ್ದವರಿಗೆ ಸಣ್ಣದರಲ್ಲಿ ಒಂದು, ಆಮೇಲೆ ನೀರು. ಬೆಸ ಸಂಖ್ಯೆಯಲ್ಲೇ ತಿನ್ನಬೇಕು ಅನ್ನುವವರಿಗೆ, ಒಂದೂ ಬೆಸವೇ.

ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಕೆಂಪು ಐರನ್ ಮಾತ್ರೆ ರಂಜಾನ್‌ನಲ್ಲಿ ಬಿಟ್ಟುಹೋಗುವುದೇ ಹೆಚ್ಚು. ಅದರಲ್ಲಿರುವುದು 60 ಎಂಜಿ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ಇಫ್ತಾರ್ ಊಟದ ಜೊತೆ ಒಂದು ಕ್ಯಾಲ್ಸಿಯಂ, ರಾತ್ರಿ ಹತ್ತರ ಸುಮಾರಿಗೆ ನಿಂಬೆ ನೀರಿನಲ್ಲಿ ಐರನ್, ಸಹರಿ ಊಟದ ಜೊತೆ ಎರಡನೆಯ ಕ್ಯಾಲ್ಸಿಯಂ. ಐರನ್ ನುಂಗಿದ ಹಿಂದೆ ಮುಂದೆ ಚಾ, ಹಾಲು ಬೇಡ. ತರಾವೀಹ್ (ರಂಜಾನಿನ ರಾತ್ರಿ ನಮಾಜು) ಮುಗಿದ ಮೇಲಿನ ಖಡಕ್ ಚಾ ಈ ಮಾತ್ರೆಯನ್ನು ದಂಡ ಮಾಡುತ್ತದೆ. ಥೈರಾಯ್ಡ್ ಮಾತ್ರೆಯೂ ಇದ್ದವರಿಗೆ ಈ ಲೆಕ್ಕ ಕೂಡುವುದಿಲ್ಲ, ಅದು ಐರನ್, ಕ್ಯಾಲ್ಸಿಯಂ ಎರಡರಿಂದಲೂ 4 ಗಂಟೆ ದೂರ ಇರಬೇಕು. ಡಾಕ್ಟರ್ ಹತ್ತಿರ ವೇಳಾಪಟ್ಟಿ ಬರೆಸಿಕೊಳ್ಳಿ. ದಿನಕ್ಕೆ ಮೂರು ಹೊತ್ತಿನ ಮಾತ್ರೆಗಳನ್ನು ಎರಡು ಹೊತ್ತಿಗೆ ನೀವೇ ಕೂಡಿಸಬೇಡಿ.

ಯಾವ ಅಂಗಡಿಯಲ್ಲೂ ಸಿಗದ ಅಳತೆ ಮಗುವಿನ ಒದೆತ. 28 ವಾರ ದಾಟಿದವರು ಎಡ ಮಗ್ಗುಲಿಗೆ ಮಲಗಿ ಎಣಿಸಿ. 2 ಗಂಟೆಯಲ್ಲಿ 10 ಬಾರದಿದ್ದರೆ, ದಿನದಂತೆ ಆಡುತ್ತಿಲ್ಲ ಅನ್ನಿಸಿದರೆ ರೋಜಾ ಮುರಿದು ಆಸ್ಪತ್ರೆಗೆ ಹೊರಡಿ. ಸಿಹಿ ಕುಡಿದು ಬೆಳಗಿನವರೆಗೆ ಕಾಯುವುದು ಬೇಡ. ರಕ್ತಸ್ರಾವ, ನೀರು ಒಡೆದದ್ದು, ಬಿಟ್ಟು ಬಿಟ್ಟು ಹೊಟ್ಟೆ ಬಿಗಿಯುವುದು ಇವಕ್ಕೂ ಇದೇ ಮಾತು.

ಮಷೀನ್ ಕೊಳ್ಳಲು ಕೈಯಲ್ಲಿ ಆಗದವರು ರಂಜಾನಿಗೆ ಮುಂಚೆ ತಾಯಿ ಕಾರ್ಡ್ ಹಿಡಿದು ಪಿಎಚ್‌ಸಿಗೆ ಹೋಗಿ. ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಹಿಮೋಗ್ಲೋಬಿನ್, ಬಿಪಿ, ಶುಗರ್ ಮೂರನ್ನೂ ನೋಡಿಸಿಕೊಳ್ಳಿ. 24ರಿಂದ 28 ವಾರದ ಗ್ಲೂಕೋಸ್ ಪರೀಕ್ಷೆ ರಂಜಾನ್ ಒಳಗೇ ಬೀಳುತ್ತಿದ್ದರೆ "ಈದ್ ಆದ ಮೇಲೆ" ಎಂದು ಮುಂದೂಡಬೇಡಿ. ಆ ನೀರು ಕುಡಿದರೆ ರೋಜಾ ಮುರಿಯುತ್ತದೆ, ಆದ್ದರಿಂದ ಆ ಒಂದು ದಿನ ರೋಜಾ ಬಿಟ್ಟು ಹೋಗಿ. 2 ಗಂಟೆಗೆ ತೆಗೆದ ರಕ್ತದಲ್ಲಿ 140 ಅಥವಾ ಮೇಲೆ ಬಂದರೆ, ಉಳಿದ ರೋಜಾಗಳ ವಿಷಯ ಡಾಕ್ಟರ್ ಹತ್ತಿರ ಮಾತಾಡಿಯೇ ಮುಂದುವರಿಯಿರಿ.