ಮನೆಯ ಫೋನಿಗೆ ಫೈರ್‌ಫಾಕ್ಸ್: ಆರು ತಿಂಗಳು ಬಳಸಿದ ಮೇಲೆ

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಕೆಲಸ, ಎಂಟು ಮಷಿನ್. ಲೆಕ್ಕ, ಆರ್ಡರ್ ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ಮನೆಯಲ್ಲಿ ಒಂದು ದೊಡ್ಡ ಫೋನ್ ಇದೆ, ಅದು ಎಲ್ಲರದ್ದೂ. ಮಾವ ಸುದ್ದಿ ಓದುತ್ತಾರೆ, ನಾನು ಬಟ್ಟೆ ರೇಟು ನೋಡುತ್ತೇನೆ, ಮಗ ಹೋಂವರ್ಕ್ ಮಾಡುತ್ತಾನೆ.

ಕಳೆದ ದೀಪಾವಳಿಗೆ ನಾದಿನಿ ಬಂದಿದ್ದಳು. ಮದುವೆಯಾಗಿ ನಾಲ್ಕು ವರ್ಷ, ಇನ್ನೂ ಮಕ್ಕಳಾಗಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಆ ಫೋನಿನಲ್ಲಿ ಒಂದು ಆಸ್ಪತ್ರೆಯ ವೆಬ್‌ಸೈಟ್ ನೋಡಿದ್ದಾಳೆ. ಬೆಳಿಗ್ಗೆ ಮಾವ ಚಹಾ ಕುಡಿಯುತ್ತಾ ಸುದ್ದಿ ತೆರೆದರು. ನಡುವೆ ಅದೇ ಆಸ್ಪತ್ರೆಯ ಜಾಹೀರಾತು: ಮಕ್ಕಳಾಗಿಲ್ಲವೇ? ಇಂದೇ ಬನ್ನಿ. ಮಾವ ಗಟ್ಟಿಯಾಗಿ ಓದಿ, "ಇದ್ಯಾಕವ್ವಾ ನನಗೆ ಬರ್ತದ?" ಅಂದರು. ನಾದಿನಿ ಪಕ್ಕದಲ್ಲೇ ಮಂಡಕ್ಕಿ ಒಗ್ಗರಣೆ ಕಲಸುತ್ತಿದ್ದಳು. ಕೈ ನಿಂತಿತು. ಬೋಗುಣಿ ಅಲ್ಲೇ ಬಿಟ್ಟು ಒಳಗೆ ಹೋದಳು. ನನಗೂ ಹೇಳಿರದ ಮಾತು ಅದು.

ಜಾಹೀರಾತು ಹೀಗೆ ಹಿಂಬಾಲಿಸುವುದು ಕುಕಿಯಿಂದ ಅಂತ ಗೊತ್ತಾಯಿತು. ಆವತ್ತೇ ಕೂತು ಈ ಕುಕಿ ಅಂದರೆ ಏನು ಅಂತ ಓದಿಕೊಂಡೆ. ವೆಬ್‌ಸೈಟ್ ನಮ್ಮ ಫೋನಿನಲ್ಲಿ ಇಟ್ಟು ಹೋಗುವ ಸಣ್ಣ ಚೀಟಿ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಇದನ್ನು ತಂದರು. ನಾನು ದಾರ ತರುವ ಅಂಗಡಿಯವರು ಎಷ್ಟು ಕೋನ್ ಒಯ್ದೆ ಅಂತ ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅದು ಬೇಕು. ಆದರೆ ಬೇರೆ ಯಾರೋ ಒಬ್ಬ ಊರಿನ ಎಲ್ಲಾ ಅಂಗಡಿಯಲ್ಲೂ ಕೂತು, ನಾನು ಎಲ್ಲಿ ಏನು ಕೇಳಿದೆ ಅಂತ ಒಂದೇ ಪುಸ್ತಕದಲ್ಲಿ ಬರೆದರೆ? ಥರ್ಡ್ ಪಾರ್ಟಿ ಕುಕಿ ಮಾಡುವುದು ಅದನ್ನೇ.

ಅದಕ್ಕೇ ಫೈರ್‌ಫಾಕ್ಸ್ ಅನ್ನುವ ಬ್ರೌಸರ್ ಹಾಕಿಕೊಂಡೆ. ದುಡ್ಡು ಕೊಡಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಟ್ರ್ಯಾಕಿಂಗ್ ತಡೆಯುವುದನ್ನು ಸ್ಟ್ರಿಕ್ಟ್ ಮಾಡಿದೆ. ಮುಚ್ಚುವಾಗ ಎಲ್ಲಾ ಅಳಿಸು ಅನ್ನುವುದನ್ನೂ ಒತ್ತಿದೆ. ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಅನ್ನುವ ಆಡ್‌ಆನ್ ಕೂಡ ಸೇರಿಸಿದೆ. ಹತ್ತು ನಿಮಿಷದ ಕೆಲಸ. ಆಮೇಲೆ ಈವರೆಗೆ ಒಬ್ಬರು ನೋಡಿದ್ದು ಇನ್ನೊಬ್ಬರ ಮುಂದೆ ಬಂದಿಲ್ಲ. ನನಗೆ ಇಷ್ಟೇ ಬೇಕಿತ್ತು.

ತೊಂದರೆ ಇಲ್ಲ ಅಂತಲ್ಲ. ಒಂದು ಬಿಲ್ ಕಟ್ಟುವ ಸೈಟು ಸ್ಟ್ರಿಕ್ಟ್ ಇದ್ದರೆ ತೆರೆಯುವುದೇ ಇಲ್ಲ. ಮೇಲಿರುವ ಗುರಾಣಿ ಚಿತ್ರ ಒತ್ತಿ ಆ ಸೈಟಿಗೆ ಮಾತ್ರ ಬಿಡಬೇಕು. ಬೇರೆ ಆ್ಯಪ್‌ಗಳು ಒಳಗೊಳಗೇ ಏನು ನೋಡುತ್ತವೋ ಅದನ್ನು ಯಾವ ಬ್ರೌಸರ್ರೂ ತಡೆಯಲಾರದು. ಇನ್ನೊಂದು ವಿಷಯ ಹೇಳಲೇಬೇಕು. ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ ಸಂಸ್ಥೆಗೆ ಹೆಚ್ಚಿನ ಹಣ ಬರುವುದು ಗೂಗಲ್ ಸರ್ಚ್ ಒಪ್ಪಂದದಿಂದ. 2025ರ ಫೆಬ್ರುವರಿಯಲ್ಲಿ ನಿಮ್ಮ ಮಾಹಿತಿ ಎಂದೂ ಮಾರುವುದಿಲ್ಲ ಅನ್ನುವ ಮಾತನ್ನು ತಮ್ಮ ಪುಟದಿಂದ ತೆಗೆದರು, ದೊಡ್ಡ ಗಲಾಟೆಯಾಯಿತು. ನನಗೂ ಅದು ಸರಿ ಕಾಣಲಿಲ್ಲ. ಆದರೂ ಇದನ್ನೇ ಇಟ್ಟುಕೊಂಡಿದ್ದೇನೆ. ತನ್ನ ಕ್ರೋಮ್ ಬ್ರೌಸರ್‌ನಲ್ಲಿ ಈ ಥರ್ಡ್ ಪಾರ್ಟಿ ಕುಕಿ ನಿಲ್ಲಿಸುತ್ತೇವೆ ಅಂತ ಗೂಗಲ್ 2020ರಲ್ಲಿ ಹೇಳಿತ್ತು. ಮುಂದೂಡುತ್ತಾ ಬಂದು 2024ರಲ್ಲಿ ಕೈಬಿಟ್ಟಿತು. ನಿಲ್ಲಿಸಿದರೆ ಗೂಗಲ್ ಇನ್ನೂ ಬಲವಾಗುತ್ತದೆ ಅಂತ ಬೇರೆ ಜಾಹೀರಾತು ಕಂಪನಿಗಳದ್ದೇ ತಕರಾರು. ಈ ಜಗಳದಲ್ಲಿ ನನ್ನ ನಾದಿನಿಯಂಥವರ ಮಾತು ಎಲ್ಲಿದೆ?

ಮೈದುನನ ವಾದ ಬೇರೆ. ಜಾಹೀರಾತು ನಿಂತರೆ ಸಣ್ಣ ಕನ್ನಡ ಸುದ್ದಿ ಸೈಟುಗಳು ಬದುಕುವುದು ಹೇಗೆ ಅಂತ ಕೇಳುತ್ತಾನೆ. ನಿಜ, ಅದಕ್ಕೇ ನಾವು ದಿನಾ ಓದುವ ಎರಡು ಸೈಟಿಗೆ ಯುಬ್ಲಾಕ್ ಆಫ್ ಮಾಡಿದ್ದೇನೆ. ಜಾಹೀರಾತು ಹಾಕಲಿ, ಹಿಂಬಾಲಿಸುವುದು ಬೇಡ.

ಕಾನೂನು ಇಲ್ಲವಾ? ಇದೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಒಮ್ಮತದಿಂದ ಹೇಳಿದರು. ಕೇಸು ಹಾಕಿದವರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ಕಾಯ್ದೆ ಬಂತು, ಅದರ ನಿಯಮಗಳು ಬಂದಿದ್ದು 2025ರ ನವೆಂಬರ್‌ನಲ್ಲಿ. ದಂಡ 250 ಕೋಟಿ ರೂಪಾಯಿವರೆಗೆ ಹಾಕಬಹುದು. ಒಪ್ಪಿಗೆ ಕೇಳುವ ನೋಟಿಸನ್ನು ಕನ್ನಡದಲ್ಲಿ ಓದುವ ಆಯ್ಕೆಯನ್ನೂ ಕೊಡಬೇಕು ಅಂತ ಕಾಯ್ದೆಯಲ್ಲಿದೆ. ಇದು ನನಗೆ ತುಂಬಾ ಮುಖ್ಯ. ಮಾವ ಇಂಗ್ಲಿಷ್ ಪೆಟ್ಟಿಗೆ ಬಂದರೆ ಸುಮ್ನೆ ದೊಡ್ಡ ಬಟನ್ ಒತ್ತಿಬಿಡುತ್ತಾರೆ. ಅದನ್ನು ಒಪ್ಪಿಗೆ ಅನ್ನೋಕಾಗುತ್ತಾ? ಫ್ರಾನ್ಸಿನಲ್ಲಿ ಕುಕಿ ಬೇಡ ಅನ್ನುವುದನ್ನು ಕಷ್ಟ ಮಾಡಿಟ್ಟಿದ್ದಕ್ಕೆ ಗೂಗಲ್‌ಗೆ 15 ಕೋಟಿ ಯೂರೋ ದಂಡ ಬಿತ್ತು. ಆದರೆ ನಮ್ಮ ಕಾಯ್ದೆಯಲ್ಲಿ ಸರ್ಕಾರ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳಬಹುದು. ಕಂಪನಿಗೆ ಒಂದು ನ್ಯಾಯ, ಸರ್ಕಾರಕ್ಕೆ ಇನ್ನೊಂದು. ಇದನ್ನು ನಾನು ಒಪ್ಪುವುದಿಲ್ಲ.

ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಮನೆಯಲ್ಲಿ ಒಂದೇ ಫೋನ್ ಇರುವವರು ಇವತ್ತೇ ಹಾಕಿಕೊಳ್ಳಿ.

ಯುಗಾದಿಗೆ ನಾದಿನಿ ಬಂದಾಗ ಅವಳ ಫೋನಿಗೂ ಹಾಕಿಕೊಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅತ್ತಿಗೆ, ಅಪ್ಪ ನೋಡೋ ಫೋನಿಗೂ ಹಾಕೀಯೇನು?" ಅಂದಳು. ಮೊದಲು ಅದಕ್ಕೇ ಹಾಕಿದ್ದು ಅಂದೆ.