ಮೂರು ಬೇಸಿಗೆ ಬಳಸಿದ ಗಾಳಿ ಟಬ್ಬು: ಟಬ್ಬು ಗಟ್ಟಿ, ಬಿರಡೆ ಮಾತ್ರ ಕೈ ಕೊಡ್ತು

ಬೆಳಿಗ್ಗೆ ಆರಕ್ಕೆ ಮಾಳಿಗೆ ಬಾಗಿಲು ತೆಗೆದು ನೋಡ್ತೀನಿ, ಮಕ್ಕಳ ನೀರಾಟಕ್ಕೆ ಅಂತ ತಂದ ಗಾಳಿ ತುಂಬೋ ಟಬ್ಬಲ್ಲಿ ನೀರೇ ಇಲ್ಲ. ಟಬ್ಬು ಮಾತ್ರ ಉಬ್ಬಿಕೊಂಡು ಹಂಗೇ ಕೂತಿದೆ, ತಳದಲ್ಲಿ ಮೀನಿನ ಚಿತ್ರದ ಮೇಲೆ ಒಂದು ಬೊಗಸೆಯಷ್ಟು ಉಳಿದಿದೆ, ಮಿಕ್ಕಿದ್ದೆಲ್ಲ ರಾತ್ರಿಯಿಡೀ ಸೋರಿ ಮಳೆನೀರಿನ ಪೈಪಲ್ಲಿ ಇಳಿದು ರೋಡಿಗೆ ಹೋಗಿದೆ. ಹಿಂದಿನ ರಾತ್ರಿ ನಮ್ಮನೆಯವ್ರು ಕೆಲಸದಿಂದ ಬಂದ ಮೇಲೆ 15 ಕೊಡ ಮೆಟ್ಲು ಹತ್ತಿಸಿ ತುಂಬಿಸಿದ ನೀರು ಅದು. ನಮ್ಮದು ಬಾಡಿಗೆ ಮನೆ, ಮೂರು ಸಂಸಾರಕ್ಕೆ ಒಂದೇ ಬೋರು, ಸಂಜೆ ಅರ್ಧ ತಾಸು ಮೋಟ್ರು ಹಾಕ್ತಾರೆ, ಅಷ್ಟ್ರಲ್ಲಿ ಎಲ್ರೂ ಹಿಡ್ಕೋಬೇಕು. ದಾವಣಗೆರೆಯಲ್ಲಿ ಬೇಸಿಗೆ ಕಳೆದೋರಿಗೆ 15 ಕೊಡ ನೀರು ಸುಮ್ನೆ ಹೋಯ್ತು ಅಂದ್ರೆ ಹೊಟ್ಟೆ ಎಷ್ಟು ಉರಿಯುತ್ತೆ ಅಂತ ಬಿಡಿಸಿ ಹೇಳೋದು ಬೇಡ. ಇದು 2023ರ ಏಪ್ರಿಲ್ ಮಾತು, ಟಬ್ಬು ತಂದು ಮೂರು ವಾರ ಆಗಿತ್ತು.

ತಪ್ಪೆಲ್ಲ ಬಿರಡೇದು. ಟಬ್ಬಿನ ತಳದಲ್ಲಿ ಒಂದು ಮೂಲೆಗೆ ನೀರು ಬಿಡೋಕೆ ಅಂತ ತೂತು ಇರುತ್ತಲ್ಲ, ಅದನ್ನ ಮುಚ್ಚೋಕೆ ಒಂದು ಹೆಬ್ಬೆರಳ ಉಗುರಿನಷ್ಟು ಮೆತ್ತನೆ ಪ್ಲಾಸ್ಟಿಕ್ ಬಿರಡೆ ಕೊಟ್ಟಿರ್ತಾರೆ, ಒತ್ತಿದ್ರೆ ಕೂರುತ್ತೆ. ಹೊಸದರಲ್ಲಿ ಬಿಗಿಯಾಗೇ ಇತ್ತು. ಮಕ್ಕಳು ಒಳಗಡೆ ಓಡಾಡುವಾಗ ಕಾಲ್ಬೆರಳು ಆ ಬಿರಡೆ ಅಂಚಿಗೆ ತಾಗಿ ತಾಗಿ ಸಡ್ಲ ಆಗುತ್ತೆ, ಆಮೇಲೆ ಬಿಸಿಲಿಗೆ ಪ್ಲಾಸ್ಟಿಕ್ ಇನ್ನೂ ಮೆತ್ತಗಾಗುತ್ತೆ, ನೋಡೋಕೆ ಮುಚ್ಚಿದಂಗೇ ಕಾಣುತ್ತೆ ಆದ್ರೆ ಪಕ್ಕದಿಂದ ನೂಲಿನಷ್ಟು ನೀರು ಹೋಗ್ತಾನೇ ಇರುತ್ತೆ. ಕಂಪನಿಗೆ ಫೋಟೋ ಸಮೇತ ಬರೆದೆ. ಏಳು ದಿನ ದಾಟಿದೆ, ಏನೂ ಮಾಡಕ್ಕಾಗಲ್ಲ ಅಂತ ಒಂದೇ ಸಾಲು ಉತ್ತರ. 1,150 ರೂಪಾಯಿ ಕೊಟ್ಟಿದ್ದೆ. ನಮ್ಮ ಮನೆ ಲೆಕ್ಕಕ್ಕೆ ಅದು ಸಣ್ಣ ದುಡ್ಡಲ್ಲ, ಇಬ್ಬರು ಮಕ್ಕಳ ಬೇಸಿಗೆ ಬಟ್ಟೆ ಬರ್ತಿತ್ತು.

ಯಾವ ಅಳತೆ ಅಂತ ಕೇಳೋರಿಗೆ: ಐದು ಅಡಿ ಅಂತ ಡಬ್ಬದ ಮೇಲೆ ಬರೆದಿರೋದು ಹೊರಗಿನ ಅಳತೆ, ಉಬ್ಬಿದ ಗೋಡೆ ಕಳೆದ್ರೆ ಒಳಗೆ ನಾಲ್ಕೇ ಅಡಿ. 8 ಇಂಚು ನೀರು ಹಾಕಿದ್ರೆ 225 ಲೀಟರ್ ಆಸುಪಾಸು. ಮಿಕ್ಕಿದ್ದು ಡಬ್ಬದ ಮೇಲೇ ಇರುತ್ತೆ ನೋಡ್ಕೊಳ್ಳಿ.

ಬಿರಡೆಗೆ ಏನೇನೋ ಮಾಡಿದ್ವಿ. ಬಟ್ಟೆ ಸುತ್ತಿದ್ವಿ, ಅದೇ ಬಟ್ಟೆ ನೀರು ಹೀರಿ ಹೀರಿ ಹೊರಗೆ ಬಿಡ್ತಿತ್ತು. ಅಂಟು ಹಾಕಿದ್ವಿ, ಎರಡೇ ದಿನಕ್ಕೆ ಎದ್ದು ಬಂತು. ಕೊನೆಗೆ ನಮ್ಮನೆಯವ್ರು ಟಬ್ಬನ್ನ ಮಡಚಿ ಸೈಕಲ್ ಪಂಕ್ಚರ್ ಅಂಗಡಿಗೆ ಹೊತ್ಕೊಂಡು ಹೋದ್ರು, ನಾನೂ ಸಣ್ಣೋನನ್ನ ಎತ್ಕೊಂಡು ಜೊತೆಗೆ ಹೋದೆ. ಆ ಹುಡುಗ ಬಿರಡೆ ಹಿಡಿದು ಎರಡು ಸಲ ತಿರುಗಿಸಿ ನೋಡಿ, "ಇದು ರಬ್ಬರ್ ಅಲ್ಲಕ್ಕಾ, ಪ್ಲಾಸ್ಟಿಕ್ಕು, ನಮ್ ಸಲ್ಯೂಷನ್ ಇದಕ್ಕೆ ಹಿಡಿಯಂಗಿಲ್ಲ" ಅಂದ. ಅಲ್ಲಿಗೆ ಮುಗೀತು ಅನ್ಕೊಂಡ್ವಿ. ಅಷ್ಟ್ರಲ್ಲಿ ಅವ್ನೇ ಹಳೇ ಟ್ಯೂಬಿನ ತುಂಡೊಂದು ತಗೊಂಡು ಕತ್ತರೀಲಿ ಬೆರಳಗಲ ಪಟ್ಟಿ ಕತ್ತರಿಸಿ, ಬಿರಡೆ ಕುತ್ತಿಗೆಗೆ ಎಳೆದು ಎರಡು ಸುತ್ತು ಸುತ್ತಿ, ಹಂಗೇ ತೂತಿಗೆ ಇಟ್ಟು ಹೆಬ್ಬೆರಳಲ್ಲಿ ಒತ್ತಿ ಕೂರಿಸಿದ. ಒಂದು ಚೊಂಬು ನೀರು ಹಾಕಿ ಎತ್ತಿ ಹಿಡಿದು ನೋಡಿದ್ವಿ, ಒಂದು ಹನಿ ಇಲ್ಲ. ದುಡ್ಡು ಕೊಟ್ರೆ ಬೇಡಕ್ಕಾ ಅಂದ. ಆ ಪಟ್ಟಿ ಇವತ್ತಿಗೂ ಹಂಗೇ ಇದೆ, ಮೂರು ಬೇಸಿಗೆ ದಾಟಿದೆ.

ಅದಾದ ಮೇಲೆ ಬಿರಡೆ ಎಷ್ಟು ಬಿಗಿ ಅಂದ್ರೆ ಕೈಯಲ್ಲಿ ತೆಗೆಯೋಕಾಗಲ್ಲ. ಹಂಗಾಗಿ ನೀರು ಖಾಲಿ ಮಾಡೋಕೆ ಬೇರೆ ದಾರಿ ಹುಡುಕಬೇಕಾಯ್ತು, ಆ ದಾರಿಯಿಂದ್ಲೇ ಅರ್ಧ ಸಿಟ್ಟು ಇಳೀತು ಅಂತ ಹೇಳ್ಬೇಕು. ಗಿಡಕ್ಕೆ ನೀರು ಹಾಕೋ ಪೈಪನ್ನ ಪೂರ್ತಿ ನೀರಲ್ಲಿ ಮುಳುಗಿಸಿ ಒಳಗಿನ ಗಾಳಿ ಎಲ್ಲ ಹೋದ ಮೇಲೆ ಒಂದು ತುದಿ ಹೆಬ್ಬೆರಳಲ್ಲಿ ಒತ್ತಿ ಹಿಡಿದು ಮಾಳಿಗೆಯಿಂದ ಕೆಳಗೆ ಇಳಿಬಿಡೋದು, ಇನ್ನೊಂದು ತುದಿ ಟಬ್ಬೊಳಗೇ ಇರ್ಬೇಕು, ಬೆರಳು ತೆಗೆದ್ರೆ ನೀರು ತಾನೇ ಎಳ್ಕೊಂಡು ಕೆಳಗೆ ಹೋಗುತ್ತೆ. ಮೋಟ್ರು ಬೇಡ ಕರೆಂಟು ಬೇಡ. ಕೆಳಗೆ ನುಗ್ಗೆ, ಕರಿಬೇವು, ಎರಡು ದಾಸವಾಳ ಇದಾವೆ, ಅವಕ್ಕೆ ಬೇಕಾದಷ್ಟು ಬಿಟ್ಟು ಮಿಕ್ಕಿದ್ದು ಡ್ರಮ್ಮಿಗೆ ಹಿಡಿದು ಅಂಗಳ ತೊಳೆಯೋಕೆ, ಬಾತ್‌ರೂಮಿಗೆ ಬಳಸ್ತೀವಿ. ಸೋಪು ಶಾಂಪೂ ಟಬ್ಬೊಳಗೆ ತರೋಹಂಗಿಲ್ಲ ಅಂತ ಮೊದಲ ದಿನವೇ ರೂಲ್ಸ್ ಮಾಡಿದ್ದು ಇದಕ್ಕೇ. ಆಮೇಲೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿರೋ ದಿನ ಇಳಿಸಲ್ಲ, ನೀರಿಗೆ ಎಣ್ಣೆ ಸೇರಿದ್ರೆ ತಳ ಜಾರುತ್ತೆ. ಎರಡು ದಿನಕ್ಕಿಂತ ಹೆಚ್ಚು ನೀರು ಇಡೋದೂ ಇಲ್ಲ. ಡೆಂಗಿ ಸೊಳ್ಳೆ ಇಂಥ ತಿಳಿನೀರಲ್ಲೇ ಮೊಟ್ಟೆ ಇಡೋದು, ಒಂದು ವಾರ ಹತ್ತು ದಿನಕ್ಕೆ ಸೊಳ್ಳೆಯಾಗಿ ಹಾರುತ್ತೆ.

ಈಗ ನೀರು ತುಂಬಿದ ದಿನ ಹೆಂಗೆ ನಡೆಯುತ್ತೆ ಅಂತ ಹೇಳ್ತೀನಿ, ಯಾಕಂದ್ರೆ ಈ ಟಬ್ಬನ್ನ ಇಷ್ಟು ಬೈದ್ರೂ ಬಿಸಾಡದೆ ಇಟ್ಕೊಂಡಿರೋದು ಇದಕ್ಕೋಸ್ಕರ. ಮಾರ್ಚ್ ಕೊನೆಯಿಂದ ನಮ್ಮ ಕಡೆ ಬಿಸಿಲು ಗೊತ್ತಲ್ಲ, ಏಪ್ರಿಲ್‌ನಲ್ಲಿ 38-39 ಡಿಗ್ರಿ ಮುಟ್ಟುತ್ತೆ, ಮಧ್ಯಾಹ್ನ ಫ್ಯಾನ್ ಹಾಕಿದ್ರೂ ಬೆಂಕಿ ಗಾಳಿ. ಹಿಂದಿನ ರಾತ್ರಿ ತುಂಬಿದ ನೀರು ಸಂಜೆ ನಾಲ್ಕೂವರೆಗೆ ಉಗುರು ಬೆಚ್ಚಗೆ ಆಗಿರುತ್ತೆ. ನಮ್ಮತ್ತೆ ಹೇಳ್ತಾರೆ, ಮೊದ್ಲು ಕೂಸುಗಳಿಗೆ ಎರೆಯೋಕೆ ಹಿಂಗೇ ಹಂಡೇಲಿ ನೀರು ಬಿಸಿಲಿಗೆ ಇಡ್ತಿದ್ರಂತೆ, ಆ ನೀರಿಗೆ ಶೀತ ಆಗಲ್ಲ ಅಂತ. ಮಕ್ಕಳು ಮೂರೂವರೆಯಿಂದ್ಲೇ ಮೆಟ್ಲು ಮೇಲೆ ಕೂತು ಶುರು ಮಾಡ್ತಾರೆ, ಟ್ಯಾಂಕಿನ ನೆರಳು ಬಂತಾ, ಬಂತಾ ಅಂತ. ಟ್ಯಾಂಕಿನ ನೆರಳು ಟಬ್ಬಿನ ಅರ್ಧಕ್ಕೆ ಬಂದ್ರೆ ಇಳಿಯಬಹುದು, ಅದು ನಮ್ಮನೆ ಗಡಿಯಾರ. ಇಳಿಯೋಕೆ ಮುಂಚೆ ಬಕೆಟ್ಟಲ್ಲಿ ಕಾಲು ತೊಳ್ಕೋಬೇಕು, ಇಲ್ದಿದ್ರೆ ಮಾಳಿಗೆ ಮಣ್ಣೆಲ್ಲ ನೀರಿಗೆ. ದೊಡ್ಡೋಳು ತೊಳ್ಕೊಂಡು ತಮ್ಮನ ಕಾಲನ್ನೂ ಬೆರಳು ಬೆರಳು ಬಿಡಿಸಿ ತೊಳೀತಾಳೆ, ಅವ್ನಿಗೆ ಕಚಗುಳಿ ಆಗಿ ಅಲ್ಲೇ ಬಿದ್ದು ನಗ್ತಾನೆ.

ಆಟದ ಸಾಮಾನು ಅಂತ ದುಡ್ಡು ಕೊಟ್ಟು ಏನೂ ತಂದಿಲ್ಲ. ಒಂದು ಸ್ಟೀಲ್ ತಂಬಿಗೆ, ಎರಡು ಪ್ಲಾಸ್ಟಿಕ್ ಡಬ್ಬಿ, ತೂತು ಬಿದ್ದ ಜರಡಿ. ಒಬ್ಬರ ತಲೆ ಮೇಲೊಬ್ಬರು ಜರಡಿ ಹಿಡಿದು ಮಳೆ ಸುರಿಸೋದೇ ಒಂದು ತಾಸು ನಡೆಯುತ್ತೆ. ಅತ್ತೆ ಮೊದಲ ವರ್ಷ ಮೆಟ್ಲಲ್ಲಿ ನಿಂತು "ಯಪ್ಪಾ, ನೀರು ಹಂಗ್ ಚೆಲ್ಲಬ್ಯಾಡ್ರೋ, ಮಳಿ ಇಲ್ಲ ಬೆಳಿ ಇಲ್ಲ" ಅಂತ ಕೂಗ್ತಿದ್ರು. ಈಗ ಅವ್ರದ್ದೇ ಒಂದು ಸ್ಟೂಲು ಅಲ್ಲಿ ಖಾಯಂ ಇದೆ, ಸೀರೆ ಮೊಣಕಾಲ ತನಕ ಎತ್ತಿ ಎರಡೂ ಕಾಲು ನೀರಲ್ಲಿಟ್ಟು ಕೂತ್ರೆ ಆರು ಗಂಟೆ ತನಕ ಏಳಲ್ಲ. ಮಂಡಿ ನೋವಿಗೆ ಹಿತ ಅನ್ಸುತ್ತೆ ಅಂತಾರೆ. ಹೊರಗೆ ಬಂದ ತಕ್ಷಣ ಹಳೇ ಪಂಚೆ ಸುತ್ತಿ ಕೂರಿಸಿ ಒಗ್ಗರಣೆ ಮಂಡಕ್ಕಿ ಕೊಡ್ತೀನಿ. ನೀರಲ್ಲಿ ಆಡಿ ಬಂದ ಮಕ್ಕಳಿಗೆ ಏನು ಹಸಿವು ಅಂತೀರಿ, ಊಟಕ್ಕೆ ಹಿಂದೆ ಹಿಂದೆ ಓಡಿಸ್ತಿದ್ದ ಸಣ್ಣೋನು ಎರಡು ಬಟ್ಟಲು ಖಾಲಿ ಮಾಡಿ ಶೇಂಗಾ ಆರಿಸಿ ತಿಂತಾ ಕೂರ್ತಾನೆ.

ಒಂದು ವಿಷಯ ಮಾತ್ರ ತುಂಬಾ ಗಂಭೀರವಾಗಿ ಹೇಳ್ತೀನಿ. ಮೊದಲ ವರ್ಷ ಸಣ್ಣೋನಿಗೆ ಒಂದೂವರೆ ವರ್ಷ. ಒಂದಿನ ಕೆಳಗೆ ಗ್ಯಾಸ್‌ನವ್ರು ಬೆಲ್ ಮಾಡಿದ್ರು ಅಂತ ನಾನು ಪ್ಯಾರಾಪೆಟ್ ಗೋಡೆ ಹತ್ರ ಹೋಗಿ ಬಗ್ಗಿ ನೋಡಿ "ಬಂದೆ" ಅಂದು ತಿರುಗಿದೆ, ಅಷ್ಟೇ. ಅವ್ನು ಕೂತಲ್ಲೇ ಹಿಂದಕ್ಕೆ ಜಾರಿ ಮುಖ ಪೂರ್ತಿ ನೀರೊಳಗೆ, ಕಣ್ಣು ಬಿಟ್ಕೊಂಡಿದಾನೆ, ಒಂದು ಸದ್ದಿಲ್ಲ. ಪಕ್ಕದಲ್ಲೇ ಇದ್ದ ಮಗಳು ಜರಡಿ ನೋಡ್ಕೊಂಡು ಆಡ್ತಿದಾಳೆ, ಅವಳಿಗೂ ಗೊತ್ತಾಗಿಲ್ಲ. ಎತ್ತಿ ಬೆನ್ನು ತಟ್ಟಿದ ಮೇಲೆ ಅತ್ತ. ನೀರಲ್ಲಿ ಮಗು ಒದ್ದಾಡುತ್ತೆ ಕೂಗುತ್ತೆ ಅಂತ ನಾನು ತಿಳ್ಕೊಂಡಿದ್ದೆ, ಹಂಗೇನೂ ಆಗಲ್ಲ, ಸುಮ್ನೆ ಮುಳುಗುತ್ತೆ, ಎರಡು ಇಂಚು ನೀರೂ ಸಾಕು. ಅವತ್ತಿಂದ ನೀರಲ್ಲಿ ಮಕ್ಕಳಿದ್ರೆ ದೊಡ್ಡೋರೊಬ್ಬರು ಕೈ ಚಾಚಿದ್ರೆ ಸಿಗೋಷ್ಟು ಹತ್ರ ಕೂರ್ಬೇಕು, ಫೋನು ಕೆಳಗೇ ಇರ್ಬೇಕು. ನೀರು ಇರೋ ತನಕ ಮಾಳಿಗೆ ಬಾಗಿಲಿಗೆ ಮೇಲಿನ ಚಿಲಕ. ಇದಕ್ಕೆ ಒಪ್ಪದೇ ಇರೋರು ದಯವಿಟ್ಟು ಟಬ್ಬು ತಗೋಬೇಡಿ.

ಎರಡನೇ ವರ್ಷದ ಕತೆ ಬೇರೆ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕಲ್ಲಿ 223 ಬರ ಅಂತ ಘೋಷಣೆ ಆಗಿತ್ತು, ಭದ್ರಾ ಡ್ಯಾಮ್ 186 ಅಡಿ ತುಂಬಲೇ ಇಲ್ಲ. ನಮ್ಮೂರಿಗೆ ಕುಡಿಯೋ ನೀರು ಬರೋದೇ ರಾಜನಹಳ್ಳಿ ಹತ್ರ ತುಂಗಭದ್ರಾ ಹೊಳೆಯಿಂದ, ಇಲ್ಲಾ ಭದ್ರಾ ನಾಲೆ ನೀರು ತುಂಬಿಸಿಟ್ಟ ಕುಂದುವಾಡ ಕೆರೆ, ಟಿವಿ ಸ್ಟೇಷನ್ ಕೆರೆಯಿಂದ. 2024ರ ಬೇಸಿಗೆಗೆ ಬೋರು ಬರೀ ಗಾಳಿ ಉಗುಳೋಕೆ ಶುರು ಮಾಡ್ತು, ಓಣೀಲಿ ಟ್ಯಾಂಕರ್ ಬಂದ್ರೆ ಎಲ್ಲ ಕೊಡ ಹಿಡಿದು ಓಡೋದು. ಅಂಥದ್ರಲ್ಲಿ 15 ಕೊಡ ನೀರು ಮಾಳಿಗೆ ಮೇಲೆ ಆಟಕ್ಕೆ ಇಡೋಕೆ ನನಗೆ ಮನಸ್ಸು ಒಪ್ಪಲಿಲ್ಲ, ಆ ವರ್ಷ ಒಂದು ದಿನಾನೂ ನೀರು ಹಾಕ್ಲಿಲ್ಲ. ಮಗಳಿಗೆ ಐದು ವರ್ಷ, ಹೇಳಿದ್ರೆ ಅರ್ಥ ಆಗ್ತಿತ್ತು, ಆದ್ರೂ ಮಡಚಿಟ್ಟ ಟಬ್ಬು ಮುಟ್ಟಿ ಮುಟ್ಟಿ ಬರ್ತಿದ್ಲು.

ಒಂದು ರಾತ್ರಿ ಕರೆಂಟು ಹೋಗಿ ಒಳಗೆ ಮಲಗೋಕಾಗದೆ ಎಲ್ಲ ಮಾಳಿಗೆಗೆ ಹೋದ್ವಿ. ಅವ್ಳೇ ಕೇಳಿದ್ಲು, "ಅಮ್ಮಾ, ನೀರು ಬ್ಯಾಡ, ಗಾಳಿ ಅಷ್ಟೇ ಹಾಕು". ನಮ್ಮನೆಯವ್ರು ಕತ್ತಲಲ್ಲೇ ಕಾಲು ಪಂಪಲ್ಲಿ ಗಾಳಿ ತುಂಬಿದ್ರು, ಒಳಗೆ ಅತ್ತೆ ಹೊಲಿದ ಕೌದಿ ಎರಡು ಮಡಿಕೆ ಮಾಡಿ ಹಾಸಿದೆ. ಇಬ್ಬರೂ ಗೂಡಲ್ಲಿ ಮಲಗಿದಂಗೆ ಮಲಗಿದ್ರು, ಉಬ್ಬಿದ ಗೋಡೆಯೇ ದಿಂಬು. ಅತ್ತೆ ಪಕ್ಕದಲ್ಲಿ ಚಾಪೆ ಹಾಕ್ಕೊಂಡು ಬಡಗಣ ದಿಕ್ಕಿಗೆ ಕೈ ತೋರಿಸಿ ಸಪ್ತರ್ಷಿ ಮಂಡಲ ಹೇಳಿಕೊಟ್ರು, ನಾಲ್ಕು ಚುಕ್ಕಿ ಮಂಚದ ಕಾಲು, ಮೂರು ಬಾಲ. ಮಗಳು ಬೆರಳಲ್ಲಿ ಎಣಿಸಿ ಎಣಿಸಿ ಏಳಕ್ಕೆ ಬರೋ ಹೊತ್ತಿಗೆ ಸಣ್ಣೋನು ಒಂದು ಕಾಲು ಟಬ್ಬಿನಾಚೆ ಹಾಕಿ ನಿದ್ದೆ ಹೋಗಿದ್ದ. ಆಮೇಲೆ ಮೇ ಕೊನೆ ಮಳೆ ಶುರುವಾಗೋ ತನಕ ದಿನಾ ಅಲ್ಲೇ ನಿದ್ದೆ. 1,150 ರೂಪಾಯಿ ಅವತ್ತೇ ವಸೂಲಾಯ್ತು ಅಂತ ನನ್ನ ಮಟ್ಟಿಗೆ ಅನ್ಸಿದೆ, ನೀರೇ ಇಲ್ದ ವರ್ಷದಲ್ಲಿ.

2025ರಲ್ಲಿ ಮತ್ತೆ ನೀರಿತ್ತು, ಡ್ಯಾಮೂ ಹಿಂದಿನ ಮಳೆಗಾಲದಲ್ಲಿ ತುಂಬಿತ್ತು, ಹಂಗಾಗಿ ವಾರಕ್ಕೆರಡು ಸಲ ತುಂಬಿದ್ವಿ, ದಿನಾ ಅಲ್ಲ. ಟಬ್ಬಿನ ಪ್ಲಾಸ್ಟಿಕ್ ಇನ್ನೂ ಗಟ್ಟಿ ಇದೆ, ಅದಕ್ಕೆ ಎರಡು ಕಾರಣ. ಒಂದು, ಸಿಮೆಂಟ್ ನೆಲದ ಮೇಲೆ ಹಂಗೇ ಇಡಲ್ಲ, ನಮ್ಮನೆಯವ್ರು ಅಕ್ಕಿ ಮಂಡೀಲಿ ಕೆಲಸ ಮಾಡೋದ್ರಿಂದ ಖಾಲಿ ಚೀಲ ಸಿಗ್ತವೆ, ನಾಲ್ಕು ಬಿಚ್ಚಿ ಹೊಲಿದು ಕೆಳಗೆ ಹಾಸಿದೀವಿ. ಇನ್ನೊಂದು, ಗಾಳಿ ಪೂರ್ತಿ ಬಿಗಿ ಹಾಕಲ್ಲ, ಬೆಳಿಗ್ಗೆ ತಂಪಲ್ಲಿ ಒತ್ತಿದ್ರೆ ಸ್ವಲ್ಪ ತಗ್ಗಬೇಕು, ಮಧ್ಯಾಹ್ನ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ತಾನೇ ಬಿಗಿ ಆಗುತ್ತೆ, ಬೆಳಿಗ್ಗೇನೇ ಬಿಗಿ ತುಂಬಿದ್ರೆ ಜೋಡಣೆ ಬಿಟ್ಕೊಳ್ಳುತ್ತೆ. ಬೋರ್ ನೀರಿನ ಬಿಳಿ ಪೊರೆ ಹಿಡಿಯುತ್ತೆ, ಹಿಂಡಿದ ನಿಂಬೆಹಣ್ಣಿನ ಸಿಪ್ಪೆಯಲ್ಲಿ ಉಜ್ಜಿದ್ರೆ ಹೋಗುತ್ತೆ, ತೆಂಗಿನ ನಾರು ಬ್ರಷ್ಷು ಮುಟ್ಟಿಸಬೇಡಿ.

ಮಗಳಿಗೆ ಆರು ತುಂಬಿ ಕಾಲು ಚಾಚಿದ್ರೆ ಆ ಕಡೆ ಗೋಡೆ ತಾಗೋಕೆ ಶುರುವಾಗಿದೆ, ದೊಡ್ಡದು ತಗೊಳ್ಳೋಣ ಅಂತ ಕೇಳ್ತಿದಾಳೆ. ಹತ್ತು ಅಡೀದು ನೋಡಿದೆ, ಅದಕ್ಕೆ ಬೇಕಾಗೋ ನೀರು ಲೆಕ್ಕ ಹಾಕಿ ಅಲ್ಲೇ ಬಿಟ್ಟು ಬಂದೆ. ನಮ್ಮಂಥ ಬಾಡಿಗೆ ಮನೆ, ಹಂಚಿಕೊಂಡ ಬೋರು, ಇಬ್ಬರು ಸಣ್ಣ ಮಕ್ಕಳು ಇರೋರಿಗೆ ಐದು ಅಡೀದೇ ಸರಿ. ಆನ್‌ಲೈನಲ್ಲಿ ತರಿಸೋ ಬದ್ಲು ಅಂಗಡಿಗೇ ಹೋಗಿ, ಡಬ್ಬ ಬಿಚ್ಚಿಸಿ, ಮೀನಿನ ಚಿತ್ರ ಎಲ್ಲ ಆಮೇಲೆ ನೋಡಿ, ಮೊದ್ಲು ತಳದ ಬಿರಡೆ ಹುಡುಕಿ ಕಿರುಬೆರಳಲ್ಲಿ ಅಂಚಿಗೆ ಒತ್ತಿ ಮೇಲಕ್ಕೆ ಎಬ್ಬಿಸಿ ನೋಡಿ. ಸಲೀಸಾಗಿ ಎದ್ದು ಬಂತು ಅಂದ್ರೆ ಬೇರೆ ತೋರಿಸ್ರಿ ಅನ್ನಿ. ಎಲ್ಲಾ ಅದೇ ಥರ ಇದ್ರೆ ತಗೊಳ್ಳಿ, ಬರೋ ದಾರೀಲಿ ಪಂಕ್ಚರ್ ಅಂಗಡೀಲಿ ಹಳೇ ಟ್ಯೂಬಿನ ತುಂಡೊಂದು ಇಸ್ಕೊಂಡು ಬನ್ನಿ.